ಮೂರ್ ಜನ ಯಾರೆಂದು ಕೇಳಿದ ದೊಡ್ಡಪ್ಪ

ಕಳೆದ ತಿಂಗಳು ಡ್ಯಾಲಸ್ ಹತ್ತಿರದ ಫ್ಲವರ್ ಮೌಂಡಿನ ಅಂಗಡಿಯೊಂದರಲ್ಲಿ ಮಗಳ ತಲೆಗೆ ಹಚ್ಚುವ ಎಣ್ಣೆ ಹುಡುಕುತ್ತಿದ್ದೆ. ಪಕ್ಕದ ಸಾಲಿನಲ್ಲಿ ಯಾರೋ ಒಂದು ಸೀಸೆಯ ಮುಚ್ಚಳ ತೆರೆದು ಮೂಸಿ ನೋಡಿದರು. ಮೊದಲು ಲವಂಗದ ವಾಸನೆ ಬಂತು, ಅದರ ಬೆನ್ನಿಗೇ ಸ್ಪಿರಿಟ್ಟಿನ ಘಾಟು... ಗಡ್ಡ ಹೆರೆದ ಮೇಲೆ ಹಚ್ಚುವ ಹಳೇ ಕಾಲದ ಲೋಷನ್ನು. ನಾನು ಎಣ್ಣೆ ಮರೆತು ಅಲ್ಲೇ ನಿಂತೆ. ಬಹಳ ವರ್ಷಗಳ ಹಿಂದೆ ಹ್ಯೂಸ್ಟನ್ನಿನಲ್ಲಿ ಒಬ್ಬರು ಅದನ್ನು ಅಂಗೈಯಲ್ಲಿ ಉಜ್ಜಿಕೊಂಡು ನನ್ನ ಕತ್ತಿನ ಹಿಂಬದಿಗೆ ಹಚ್ಚುತ್ತಿದ್ದರು. ಭಗ್ಗೆಂದು ಉರಿಯುತ್ತಿತ್ತು. "ಉರಿಯಲಿ ಮಗನೇ, ಚರ್ಮ ಬದುಕಿದೆ ಅಂತ ಅರ್ಥ" ಅನ್ನುತ್ತಿದ್ದರು.

ಅವರ ವಿಷಯ ಹೇಳುವ ಮೊದಲು ನನ್ನದನ್ನು ಹೇಳಬೇಕು. ನಾನು ಯಲ್ಲಾಪುರದ ಕಡೆಯ ಸಿದ್ದಿ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದರಂತೆ. ಗುಲಾಮಗಿರಿ ತಾಳದೆ ಓಡಿಬಂದವರು ಘಟ್ಟದ ಕಾಡು ಸೇರಿದರಂತೆ. ಅಜ್ಜಿ ಡಮಾಮಿ ಎಂಬ ಚರ್ಮವಾದ್ಯ ಬಡಿಯುತ್ತಾ ಹಾಡುತ್ತಿದ್ದ ಹಾಡುಗಳಲ್ಲಿ ಅರ್ಥ ಗೊತ್ತಿಲ್ಲದ ನಾಲ್ಕೈದು ಪದಗಳು ಉಳಿದಿದ್ದವು. ಅದಷ್ಟೇ ಆ ದೇಶದಿಂದ ನಮಗೆ ಬಂದ ಆಸ್ತಿ. ಉಳಿದಂತೆ ನಮ್ಮದು ಕನ್ನಡ, ಕೊಂಕಣಿ, ಗಂಜಿ, ಕೂಲಿ. ಶಾಲೆಯಲ್ಲಿ ಹಿಂದಿನ ಬೆಂಚಿನವರು ನನ್ನ ಗುಂಗುರು ಕೂದಲಿನಲ್ಲಿ ಪೆನ್ಸಿಲು ಸಿಕ್ಕಿಸಿ ಅದು ಬೀಳುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ "ಯಾವ ದೇಶದವ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. "ಯಲ್ಲಾಪುರ್‌ದಾಂವ ರೀ" ಎಂದು ಹೇಳಿ ಮುಂದಿನ 'ಸಿದ್ದಿ' ಎಂಬ ಪದವನ್ನು ನುಂಗಲು ಕಲಿತದ್ದು ಅಲ್ಲೇ.

ತೊಂಬತ್ತರ ದಶಕದ ಕೊನೆಯಲ್ಲಿ ಎಂ.ಎಸ್. ಓದಲು ಹ್ಯೂಸ್ಟನ್ನಿಗೆ ಹೋದೆ. ಮೈಸೂರಿನ ಹುಡುಗನೊಬ್ಬ ರೂಮ್‌ಮೇಟ್ ಆಗಿ ಸಿಕ್ಕ; ನಾನು ಸಿದ್ದಿ ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಮೊದಲ ಯುಗಾದಿಗೆ ಊರಿನ ಕನ್ನಡಿಗರೆಲ್ಲ ಸೇರುವ ಊಟಕ್ಕೆ ಅವನ ಜೊತೆ ಹೋದೆ. ಬಾಗಿಲಲ್ಲಿ ನಿಂತಿದ್ದ ಆಂಟಿ ಅವನ ಕೈಗೆ ಬೇವುಬೆಲ್ಲ ಕೊಟ್ಟರು. ನನ್ನನ್ನು ನೋಡಿ, ಕುರ್ಚಿ ಸಾಗಿಸಲು ಬಂದವರು ಹಿಂದಿನ ಬಾಗಿಲಿಂದ ಬರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಹಬ್ಬದ ಶುಭಾಶಯ ಹೇಳಿದಾಗ ಪಾಪ, ಅವರ ಮುಖ ಕೆಂಪಾಯಿತು. ಇಡೀ ಊಟದ ಹೊತ್ತು ನನ್ನ ಎಲೆಗೆ ಹೋಳಿಗೆ ಬಡಿಸಿದ್ದೇ ಬಡಿಸಿದ್ದು. ಈ ದೇಶದಲ್ಲಾದರೂ ಬರೀ ಕನ್ನಡಿಗನಾಗಿ, ಬರೀ ಇಂಡಿಯಾದವನಾಗಿ ಇರಬೇಕೆಂದು ಅವತ್ತು ನಿಶ್ಚಯಿಸಿದೆ.

ಆದರೆ ಕೂದಲು ಬೆಳೆಯುತ್ತದಲ್ಲ. ಕ್ಯಾಂಪಸ್ಸಿನ ಹತ್ತಿರದ ಸಲೂನಿನ ಹೆಂಗಸು ನನ್ನ ತಲೆಗೆ ಬಾಚಣಿಗೆ ಹಾಕಿ ನೋಡಿ, ತನ್ನ ಕೈಲಾಗುವುದಿಲ್ಲವೆಂದು ಹೇಳಿ ಥರ್ಡ್ ವಾರ್ಡಿನ ಒಂದು ಅಂಗಡಿಯ ದಾರಿ ತೋರಿಸಿದಳು. ಕಪ್ಪು ಜನರ ಕೇರಿ ಅದು. ಮೂರು ಕುರ್ಚಿ, ಉದ್ದದ ಕನ್ನಡಿ, ಗೋಡೆಯ ಪಕ್ಕ ಹರಟೆಗೆಂದೇ ಹಾಕಿದ ಬೆಂಚು. ಯಜಮಾನರಿಗೆ ಅರವತ್ತೈದು ದಾಟಿತ್ತು. ಎತ್ತರದ ಆಳು, ಬಿಳಿ ಕೋಟು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅತ್ತ ಇತ್ತ ತಿರುಗಿಸಿ ನೋಡಿ ಕೆಲಸ ಶುರುಮಾಡಿದರು. ನನ್ನ ಕೂದಲಿನ ಬಗ್ಗೆ ಒಂದೂ ಮಾತಾಡದೆ ಅದನ್ನು ಕತ್ತರಿಸಿದ ಮೊದಲ ಮನುಷ್ಯ ಅವರು. ಊರಿನಲ್ಲೂ ಹಾಗೆ ಯಾರೂ ಇರಲಿಲ್ಲ.

ಎದ್ದು ಹೊರಡುವಾಗ "ಥ್ಯಾಂಕ್ಯೂ ಅಂಕಲ್" ಎಂದೆ. ಬೆಂಚಿನ ಮೇಲಿದ್ದವರು ಥಟ್ಟನೆ ನನ್ನತ್ತ ತಿರುಗಿದರು. ಯಜಮಾನರು ಕತ್ತರಿ ಕೆಳಗಿಟ್ಟು ಮೆತ್ತಗೆ ಹೇಳಿದರು: "ಆ ಪದ ಬೇಡ ಮಗನೇ. ನಮ್ಮಪ್ಪನಿಗೆ ಹೆಸರಿತ್ತು. ಬಿಳಿಯರು ಅದನ್ನ ಕರೆಯೋ ಬದಲು 'ಅಂಕಲ್' ಅಂತಿದ್ರು, ಮುದಿ ಕುದುರೆಯನ್ನ ಕರೆದ ಹಾಗೆ." ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಅದು ಮರ್ಯಾದೆಯ ಮಾತು, ಅಪ್ಪನ ಅಣ್ಣನಿಗೆ ಹೇಳುವ ಹಾಗೆ ಎಂದು ತಡವರಿಸಿದೆ. "ಹಾಗಾದ್ರೆ ನಿಮ್ಮ ಭಾಷೇಲಿ ಏನಂತೀರೋ ಅದನ್ನೇ ಅನ್ನು" ಎಂದರು. ಅಂದಿನಿಂದ ಅವರು ನನಗೆ ದೊಡ್ಡಪ್ಪ. ಅವರ ಬಾಯಲ್ಲಿ ಅದು "ಡೋಡಪ" ಆಗಿ, ಬೆಂಚಿನವರೂ ಹಾಗೇ ಕರೆಯತೊಡಗಿದರು.

ಆ ಬೆಂಚಿನ ಮೇಲೆ ಶನಿವಾರ ಶನಿವಾರ ನಡೆಯುತ್ತಿದ್ದದ್ದು ಒಂದೇ ಜಗಳ: ಮೂರ್ ಜನ ಯಾರು? ಮೊದಲ ಸಲ ಕೇಳಿದಾಗ ನನ್ನ ಕನ್ನಡದ ಕಿವಿ ಅದನ್ನು ಮೂರು ಮಂದಿ ಎಂದೇ ತಿಳಿದು, ಯಾವ ಮೂವರು ಎಂದು ಹುಡುಕಿತ್ತು. ಆಫ್ರಿಕಾದ ಉತ್ತರ ದಂಡೆಯಿಂದ ಸಮುದ್ರ ದಾಟಿ, ಸ್ಪೇನ್ ದೇಶವನ್ನು ಶತಮಾನಗಳ ಕಾಲ ಆಳಿದವರು ಎಂದು ಆಮೇಲೆ ತಿಳಿಯಿತು. ದೊಡ್ಡಪ್ಪನ ವಾದ, ಅವರು ಕಪ್ಪು ಜನ. ಹಳೆಯ ಚಿತ್ರಗಳ ನಕಲುಗಳನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟುಕೊಂಡಿದ್ದರು. ಎದುರುವಾದಿ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು. ಅವರೂ ಕಪ್ಪು ಮನುಷ್ಯರೇ.

"ಅವರಲ್ಲಿ ಬರ್ಬರ್ ಬುಡಕಟ್ಟಿನವರಿದ್ರು, ಅರಬರಿದ್ರು, ಸಹಾರಾದ ದಕ್ಷಿಣದ ಕಪ್ಪು ಜನಾನೂ ಇದ್ರು" ಎನ್ನುತ್ತಿದ್ದರು ಮೇಷ್ಟ್ರು. "ರೋಮಿನವರು ಒಂದು ಮೂಲೆಯ ಜನಕ್ಕೆ ಆ ಹೆಸರಿಟ್ರು. ಸ್ಪೇನಿನವರು ಯಾವ ಮುಸ್ಲಿಮನಿಗೂ ಅದನ್ನೇ ಅಂದ್ರು. ಅದು ಜನಾಂಗ ಅಲ್ಲಪ್ಪ, ಬೇರೆಯವರು ಅಂಟಿಸಿದ ಚೀಟಿ."

"ಚೀಟಿ ಅಂಟಿಸೋಕೂ ಒಂದು ಮುಖ ಬೇಕಲ್ಲ" ಎನ್ನುತ್ತಿದ್ದರು ದೊಡ್ಡಪ್ಪ.

ನನಗೆ ಇದೊಂದು ತಮಾಷೆಯಾಗಿ ಕಾಣುತ್ತಿತ್ತು. ಸತ್ತು ಮಣ್ಣಾದವರ ಬಣ್ಣ ಯಾವುದಾದರೇನು? ಬೆಂಚು ಖಾಲಿಯಾಗಿದ್ದ ಒಂದು ಮಧ್ಯಾಹ್ನ ಇದನ್ನೇ ಕೇಳಿಬಿಟ್ಟೆ. ಅವರು ನನ್ನ ಕತ್ತಿನ ಸುತ್ತ ಬಟ್ಟೆ ಕಟ್ಟುತ್ತಾ ತಮ್ಮ ಅಪ್ಪನ ಕತೆ ಹೇಳಿದರು.

ದೊಡ್ಡಪ್ಪನಿಗಾಗ ಆರು ವರ್ಷ. ಅಪ್ಪ ಅಮ್ಮನ ಜೊತೆ ಲೂಸಿಯಾನಾದಿಂದ ಹ್ಯೂಸ್ಟನ್ನಿಗೆ ರೈಲಿನಲ್ಲಿ ಬರುತ್ತಿದ್ದರು. ಬಿಳಿಯರಿಗೆ ಒಂದು ಡಬ್ಬಿ, ಕಪ್ಪು ಜನಕ್ಕೆ ಇಂಜಿನ್ ಹೊಗೆಯ ಪಕ್ಕದ ಇನ್ನೊಂದು ಡಬ್ಬಿ. ಅಪ್ಪನ ಮೈಬಣ್ಣ ತಿಳಿ. ತಲೆಗೊಂದು ಕೆಂಪು ಟೋಪಿ ಇಟ್ಟುಕೊಂಡು, ತಾನು ನೀಗ್ರೋ ಅಲ್ಲ, ಮೂರ್, ಮೊರಾಕ್ಕೋ ದೇಶದವನು ಎಂದು ಟಿಕೆಟ್ ನೋಡುವವನಿಗೆ ಹೇಳಿದನಂತೆ. ಅವನು ಭುಜ ಕುಣಿಸಿ ಬಿಳಿಯರ ಡಬ್ಬಿಗೆ ಬಿಟ್ಟ. ಅಮ್ಮ ಕಡುಗಪ್ಪು. ಅವಳು ಮಗನ ಕೈ ಹಿಡಿದುಕೊಂಡು ಹೊಗೆಯ ಡಬ್ಬಿಗೆ ಹೋದಳು. ಹ್ಯೂಸ್ಟನ್ನಿನಲ್ಲಿ ಇಳಿದ ಮೇಲೂ ಬೀದಿಯ ತಿರುವಿನವರೆಗೆ ಅಪ್ಪ ಹತ್ತು ಹೆಜ್ಜೆ ಮುಂದೆಯೇ ನಡೆದ, ಇವರು ಯಾರೋ ಎಂಬಂತೆ.

"ಅಮ್ಮ ಸಾಯೋವರೆಗೂ ಆ ಮಾತು ಎತ್ತಲಿಲ್ಲ" ಎಂದರು ದೊಡ್ಡಪ್ಪ. "ಮೂರ್ ಅಂದ್ರೆ ಕಪ್ಪು ಜನ ಅಂತಾದ್ರೆ, ಅಪ್ಪ ಸುಳ್ಳು ಹೇಳಲಿಲ್ಲ; ನಮ್ಮದೇ ಇನ್ನೊಂದು ಹೆಸರು ಹೇಳಿದ ಅಷ್ಟೇ. ಅಲ್ಲ ಅಂತಾದ್ರೆ... ನನ್ನ ಕಣ್ಣೆದುರಿಗೇ ಅಮ್ಮನನ್ನ ಕೈಬಿಟ್ಟ. ಯಾವುದು ಅಂತ ತಿಳ್ಕೊಂಡು ಸಾಯಬೇಕು ಮಗನೇ."

ಇಷ್ಟು ಕೇಳಿದ ಮೇಲೂ ನಾನು ಮಾಡಿದ್ದನ್ನು ಮಾಡಿದೆ. ಅದೇ ಹೇಳಲು ಕಷ್ಟ.

ಕೆಲವು ವಾರಗಳಾದ ಮೇಲೆ ಒಂದು ಶನಿವಾರ ರೂಮ್‌ಮೇಟ್ ಕೂಡ ಜೊತೆಗೆ ಬಂದಿದ್ದ. ಬೆಂಚು ತುಂಬಿತ್ತು. ಮೇಷ್ಟ್ರು ಹೊಸ ಅಸ್ತ್ರ ತೆಗೆದರು: ಪೋರ್ಚುಗೀಸರು ಇಂಡಿಯಾಕ್ಕೆ ಹೋದಾಗ ಅಲ್ಲಿನ ಮುಸ್ಲಿಮರನ್ನೂ ಮೂರ್ ಎಂದೇ ಕರೆದರಂತೆ, ಇನ್ನು ಅದು ಜನಾಂಗದ ಹೆಸರು ಹೇಗಾದೀತು? ನನ್ನ ತಲೆಯ ಮೇಲಿದ್ದ ಕೂದಲು ಕತ್ತರಿಸುವ ಯಂತ್ರ ನಿಂತಿತು. ದೊಡ್ಡಪ್ಪ ಕುರ್ಚಿಯನ್ನು ಕನ್ನಡಿಗೆ ತಿರುಗಿಸಿ, ಕನ್ನಡಿಯೊಳಗಿಂದಲೇ ನನ್ನ ಕಣ್ಣು ನೋಡಿದರು.

"ನೀನು ಅಲ್ಲಿಯವನು. ನೀನು ಹೇಳು. ಆ ಹಡಗುಗಳಲ್ಲಿ ನಮ್ಮವರು ಯಾರಾದ್ರೂ ನಿಮ್ಮ ಕಡೆ ಬಂದ್ರಾ? ಬಂದು ಉಳಿದ್ರಾ? ನಿನ್ನ ಕೂದಲು ನನ್ನ ಕೈಗೆ ಪರಿಚಯ ಇರೋ ಕೂದಲು. ಅದಕ್ಕೇ ಕೇಳ್ತಿದೀನಿ."

ಅಜ್ಜಿಯ ಮುಖ ಕಣ್ಮುಂದೆ ಬಂತು. ಅದರ ಹಿಂದೆಯೇ ಹಿಂದಿನ ಬಾಗಿಲು ತೋರಿಸಿದ ಆಂಟಿಯ ಕೈ, ಪೆನ್ಸಿಲು ಸಿಕ್ಕಿಸಿದವರ ನಗು...

"ಇಲ್ಲ ದೊಡ್ಡಪ್ಪ" ಎಂದೆ. "ಆಫ್ರಿಕಾದವರು ಯಾರೂ ನಮ್ಮ ಕಡೆ ಬಂದಿಲ್ಲ. ನಮ್ಮಲ್ಲಿ ಬಿಸಿಲು ಜಾಸ್ತಿ, ಅಷ್ಟೇ."

ಅವರು ಒಂದು ಕ್ಷಣ ನೋಡಿ, ತಲೆಯಾಡಿಸಿ, ಯಂತ್ರ ಮತ್ತೆ ಶುರುಮಾಡಿದರು. ನಂಬಿದರು. ಅನುಮಾನಪಟ್ಟಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ವಾಪಸು ನಡೆದು ಬರುವಾಗ ರೂಮ್‌ಮೇಟ್ "ಯಾಕೋ ಹಂಗ್ ಹೇಳ್ದೆ? ಪಾಪ, ಎಷ್ಟ್ ಆಸೆಯಿಂದ ಕೇಳಿದ್ರು" ಎಂದ.

"ನಿನಗ ತಿಳಿಯೂದಿಲ್ಲ ಬಿಡು. ಹೌದು ಅಂದಿದ್ರ, ನಾಳಿಂದ ನಾ ಕನ್ನಡದಾಂವ ಅಂತ ಯಾರ್ ನಂಬ್ತಿದ್ರು?"

"ನಾನ್ ನಂಬ್ತಿದ್ನಲ್ಲೋ" ಎಂದ ಅವನು.

ಫೆಬ್ರವರಿಯಲ್ಲಿ ಕೇರಿಯ ಲೈಬ್ರರಿಯವರು ದೊಡ್ಡಪ್ಪನನ್ನು ಮೂರ್ ಜನರ ಬಗ್ಗೆ ಮಾತಾಡಲು ಕರೆದರು. ಹೋಗದಿರಲು ಮನಸ್ಸಾಗಲಿಲ್ಲ. ಮೊದಲ ಸಾಲಿನಲ್ಲಿ ನನಗೆಂದೇ ಒಂದು ಕುರ್ಚಿ ಹಿಡಿದಿಟ್ಟಿದ್ದರು. ಬಿಳಿ ಕೋಟಿನ ಬದಲು ಕಂದು ಸೂಟು. ಪುಟ್ಟ ಪುಟ್ಟ ಕಾರ್ಡುಗಳಲ್ಲಿ ಬರೆದುಕೊಂಡಿದ್ದನ್ನು ಓದಿದರು. ಅಪ್ಪನ ಕತೆಯನ್ನೂ ಹೇಳಿದರು. "ಅಪ್ಪ ಸುಳ್ಳು ಹೇಳಿದ್ನೋ ಇಲ್ವೋ ನನಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹೇಳ್ತೀನಿ" ಎಂದಾಗ ಹಿಂದಿನಿಂದ ಯಾರೋ ಮುದುಕಿ "ಹೇಳಪ್ಪ, ಹೇಳು" ಎಂದು ಧೈರ್ಯ ಕೊಟ್ಟರು.

ಕೊನೆಯಲ್ಲಿ ಮೇಷ್ಟ್ರು ಎದ್ದು ನಿಂತರು. ಈ ಸಲ ಅವರದು ಜಗಳದ ದನಿಯಲ್ಲ. ಇಂಡಿಯಾದ ದಖ್ಖನ್ ಕಡೆ ಆಫ್ರಿಕಾದ ಸೈನಿಕರಿದ್ದರು, ಅವರ ಪೀಳಿಗೆಯವರು ಈಗಲೂ ಇದ್ದಾರೆ ಎಂದು ತಾವು ಒಂದು ಕಡೆ ಓದಿದ್ದಾಗಿ ಹೇಳಿ, ಅದನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳಿದರು.

"ಬರೆದಿದ್ದೆ. ತೆಗೆದುಬಿಟ್ಟೆ" ಎಂದರು ದೊಡ್ಡಪ್ಪ. ನನ್ನ ಕಡೆ ಕೈ ಚಾಚಿ, "ಈ ಹುಡುಗ ಅಲ್ಲಿಯವನು. ಓದಿದವನು. ಅಂಥವರು ಯಾರೂ ಇಲ್ಲ ಅಂತ ಇವನೇ ಹೇಳಿದ. ಎಲ್ಲೋ ಕೂತು ಬರೆದ ಪುಸ್ತಕ ನಂಬಲೋ, ಅಲ್ಲೇ ಹುಟ್ಟಿದವನ ಮಾತು ನಂಬಲೋ? ಎದ್ದು ನಿಲ್ಲು ಮಗನೇ, ಎಲ್ಲರೂ ನೋಡಲಿ" ಎಂದರು.

ಎದ್ದು ನಿಂತೆ. ಜನ ಚಪ್ಪಾಳೆ ತಟ್ಟಿದರು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯ ಯಾವನಿಗೂ ಸಿಕ್ಕಿರಲಾರದು. ಅರವತ್ತು ಎಪ್ಪತ್ತು ಜನ. ಎಲ್ಲರೂ ಎಲ್ಲಿಂದ ಬಂದೆವೆಂದು ತಿಳಿಯದವರು. ಹಾಗೆ ತಿಳಿಯದೆಯೇ ಬೇರೊಂದು ದಡದಲ್ಲಿ ಬದುಕಿದ ತಮ್ಮಂಥವರ ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿ. ನಾನು ಸಭೆಗೆ ಕೈಮುಗಿದು ಕೂತುಬಿಟ್ಟೆ.

ಆಮೇಲೆ ಆ ಅಂಗಡಿಗೆ ಹೋಗಲಿಲ್ಲ. ಒಂದು ಯಂತ್ರ ಕೊಂಡು ಬಚ್ಚಲಲ್ಲಿ ನಾನೇ ತಲೆ ಬೋಳಿಸಿಕೊಳ್ಳತೊಡಗಿದೆ. ಓದು ಮುಗಿಯಿತು, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು, ಡ್ಯಾಲಸ್ಸಿಗೆ ಶಿಫ್ಟ್ ಆದೆ. ಹೊರಡುವ ಮುನ್ನ ಹೇಳಿಹೋಗಲೂ ಇಲ್ಲ. ಒಂದು ಸಲ ಆ ಬೀದಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅವರು ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದುದು ಕಂಡಿತು. ನಾನು ಬೇರೆ ಕಡೆ ಮುಖ ತಿರುಗಿಸಿದೆ.

ಆರೇಳು ವರ್ಷ ಕಳೆದವು. ಊರಲ್ಲಿ ಅಜ್ಜಿ ತೀರಿಕೊಂಡಳು. ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ತಮ್ಮ ಒಂದು ಫೋಟೋ ಕಳಿಸಿದ. ತೊಡೆಯ ಮೇಲೆ ಡಮಾಮಿ ಇಟ್ಟುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ಹಾಡುತ್ತಿದ್ದಾಳೆ. ಅದನ್ನು ನೋಡುತ್ತಾ ನೋಡುತ್ತಾ, ಇವಳು ಸಾಯುವ ಮೊದಲೇ ನಾನು ಇವಳನ್ನು ಇಲ್ಲ ಎಂದಿದ್ದೆನಲ್ಲ ಅನ್ನಿಸಿತು. ಆ ಶನಿವಾರ ಫೋಟೋ ಪಕ್ಕದ ಸೀಟಿನಲ್ಲಿಟ್ಟುಕೊಂಡು ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದೆ. ನಾಲ್ಕು ಗಂಟೆಯ ದಾರಿಯುದ್ದಕ್ಕೂ ಮೊದಲ ವಾಕ್ಯ ಹೇಗೆ ಹೇಳುವುದೆಂದು ಗಟ್ಟಿಯಾಗಿ ಅಭ್ಯಾಸ ಮಾಡಿದೆ.

ಅಂಗಡಿಯಲ್ಲಿ ಕುರ್ಚಿಯ ಹಿಂದೆ ಐವತ್ತರ ಹೆಂಗಸೊಬ್ಬರು ನಿಂತಿದ್ದರು, ದೊಡ್ಡಪ್ಪನ ಮಗಳು. ತಂದೆ ಹೋಗಿ ಎರಡು ವರ್ಷವಾಯಿತು ಎಂದರು. ನಾನು ಯಾರೆಂದು ಹೇಳಿದಾಗ ಮುಖ ಅರಳಿತು. "ಓ, ಡೋಡಪ ಅಂತಿದ್ದ ಹುಡುಗ! ಅಪ್ಪ ನಿನ್ನ ಮಾತು ಕೊನೇವರೆಗೂ ಆಡ್ತಿದ್ರು. ಯಾರೇ ಇಂಡಿಯಾ ವಿಷಯ ಎತ್ತಲಿ, 'ಅಲ್ಲಿ ನಮ್ಮವರು ಯಾರೂ ಇಲ್ಲ, ನಾನು ಕೇಳಿ ತಿಳ್ಕೊಂಡಿದೀನಿ' ಅನ್ನೋರು."

ನಾನು ಫೋಟೋ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಪ್ಪನ ಅಮ್ಮನ ಹಾಗೇ ಇದ್ದಾರಲ್ಲ... ಯಾರಿದು?"

"ನನ್ನ ಅಜ್ಜಿ."

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಫೋಟೋ ನೀವೇ ಇಟ್ಟುಕೊಳ್ಳಿ ಎಂದಾಗ ಮಾತ್ರ ಅದನ್ನು ನನ್ನ ಕೈಗೇ ವಾಪಸು ಕೊಟ್ಟು, "ಇದನ್ನ ನೀನು ಅವರಿಗೆ ತಂದಿದ್ದು. ನನಗಲ್ಲ" ಎಂದರು. ಬಾಗಿಲಿಗೆ ಬೇರೆ ಗಿರಾಕಿ ಬಂದರು. ನಾನು ಹೊರಟೆ.

ಈಗ ಮೂರ್ ಜನರ ಬಗ್ಗೆ ಕಂಡದ್ದನ್ನೆಲ್ಲ ಓದುತ್ತೇನೆ. ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಮೇಷ್ಟ್ರೇ ಹೆಚ್ಚು ಸರಿ ಅನ್ನಿಸುತ್ತದೆ. ದೊಡ್ಡಪ್ಪನದೂ ಪೂರ್ತಿ ತಪ್ಪಲ್ಲ. ಅವರ ಅಪ್ಪ ಸುಳ್ಳು ಹೇಳಿದನೇ ಎಂಬುದನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಹೊಗೆಯ ಡಬ್ಬಿಯಿಂದ ತಪ್ಪಿಸಿಕೊಳ್ಳಲು ಅವನಿಗೆ ಕಾರಣವಿತ್ತು. ನನ್ನ ಮುಂದೆ ಇದ್ದದ್ದು ಒಂದು ಕನ್ನಡಿ ಮತ್ತು ನನ್ನನ್ನು ಮಗನೇ ಎಂದವರು.

ಮೊನ್ನೆ ಭಾನುವಾರ ಬೆಳಿಗ್ಗೆ ಲಿಟಲ್ ಎಲ್ಮ್ ಊರಿನ ನಮ್ಮ ಮನೆಯಲ್ಲಿ ಮಗಳ ತಲೆ ಬಾಚುತ್ತಿದ್ದೆ. ಶಾಲೆಯಲ್ಲಿ ಮನೆತನದ ಬಗ್ಗೆ ಬರೆಯಬೇಕಂತೆ. ನಾವು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗುಂಗುರು ಬಿಡಿಸುತ್ತಾ ಕನ್ನಡದಲ್ಲಿ ಹೇಳಿದೆ: ಹಡಗು, ಗೋವೆ, ಕಾಡು, ಅಜ್ಜಿಯ ಡಮಾಮಿ, ಸಿದ್ದಿ ಎಂಬ ಹೆಸರು. ಅವಳು ತಿರುಗಿ ನನ್ನ ಮುಖ ನೋಡಿದಳು. ಇದೆಲ್ಲ ಯಾವಾಗ ಗೊತ್ತಾಯಿತು ಅಪ್ಪ, ದೊಡ್ಡವನಾದ ಮೇಲೆ ಹುಡುಕಿ ತಿಳಿದುಕೊಂಡೆಯಾ ಎಂದು ಕೇಳಿದಳು.

ಬಾಚಣಿಗೆ ಕೈಯಲ್ಲೇ ನಿಂತಿತು.

"ಇಲ್ಲವ್ವಾ" ಎಂದೆ. "ಯಾವಾಗ್ಲೂ ಗೊತ್ತಿತ್ತು."