ಹಳೆಯ ಗಿರಾಕಿಯ ದರ

ನನಗೆ ಅಂಗಡಿ ಬದಲಿಸುವ ಧೈರ್ಯವಿಲ್ಲ. ಒಬ್ಬ ಕ್ಷೌರಿಕನ ಮುಂದೆ ಒಮ್ಮೆ ತಲೆ ಬಗ್ಗಿಸಿದೆನೆಂದರೆ ಅವನಿಗೆ ಕಣ್ಣು ಮಂಜಾಗಿ ಕತ್ತರಿ ಕೆಳಗಿಡುವವರೆಗೂ ಅವನಿಗೇ ಬಗ್ಗಿಸುವವನು ನಾನು. ದಾಂಡೇಲಿಗೆ ಬಂದ ಮೊದಲ ವಾರ ಯಾವ ಅಂಗಡಿಯಲ್ಲಿ ಚಹಾಪುಡಿ ಕೊಂಡೆನೋ ವರ್ಷಗಟ್ಟಲೆ ಅಲ್ಲೇ ಕೊಂಡೆ. ಆ ಪುಡಿಯಲ್ಲಿ ಹುಣಸೆ ಬೀಜ ಹುರಿದು ಬೆರೆಸುತ್ತಾರೆಂದು ಓಣಿಗೆಲ್ಲ ಗೊತ್ತಾದ ಮೇಲೂ ಬಿಡಲಿಲ್ಲ. ಇದಕ್ಕೆ ನಾನು ನಿಷ್ಠೆ ಎಂಬ ಹೆಸರಿಟ್ಟಿದ್ದೆ. ನನ್ನ ಹೆಂಡತಿ ಸುಮಿತ್ರೆ ಸೋಮಾರಿತನ ಎನ್ನುತ್ತಿದ್ದಳು. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿದ್ದೆವು ಎಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದಾಂಡೇಲಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ, ಮನೆ ಅಂಬೇವಾಡಿಯಲ್ಲಿ. ಸುಮಿತ್ರೆಗೆ ಜೋಯಿಡಾದ ಶಾಲೆಯಲ್ಲಿ ಕೆಲಸ. ಅವಳು ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ, ಮೂರನೆಯವರ ಕೈಯಿಂದ ನನ್ನ ಕೈಗೆ ಬಂದಿದ್ದ ಮೋಟಾರ್ ಸೈಕಲ್ ಏರಿ ನಾನು ಜೋಯಿಡಾಕ್ಕೆ ಹೋಗುತ್ತಿದ್ದೆ. ಸೋಮವಾರ ಬೆಳಿಗ್ಗೆ ವಾಪಸು. ನಮ್ಮ ಸಂಸಾರ ನಡೆಯುತ್ತಿದ್ದದ್ದು ಆ ಗಾಡಿಯ ಎರಡು ಗಾಲಿಗಳ ಮೇಲೆಯೇ. ಗಾಡಿಯ ವಿಷಯದಲ್ಲಿ ನನ್ನ ಜ್ಞಾನವೋ, ಪೆಟ್ರೋಲು ಯಾವ ಬಾಯಿಗೆ ಹಾಕಬೇಕು ಎಂಬಲ್ಲಿಗೆ ಮುಗಿಯುತ್ತಿತ್ತು.

ಅದಕ್ಕೇ ನನಗೆ ದಸ್ತಗೀರ್ ಮಿಸ್ತ್ರಿ ಬೇಕಾದದ್ದು. ದಾಂಡೇಲಿಯ ಬಸ್ ನಿಲ್ದಾಣದ ಹಿಂದೆ ಅವನ ತಗಡಿನ ಶೆಡ್ಡು. ಅವನಲ್ಲಿ 'ವರ್ಷದ ಮಾತು' ಎಂಬ ಏರ್ಪಾಡಿತ್ತು. ಯುಗಾದಿಯ ಹೊತ್ತಿಗೆ ಇಷ್ಟು ಎಂದು ಕೊಟ್ಟುಬಿಟ್ಟರೆ, ಮುಂದಿನ ಯುಗಾದಿಯವರೆಗೆ ಹಳಿಯಾಳದಿಂದ ಜೋಯಿಡಾದವರೆಗೆ ನಿಮ್ಮ ಗಾಡಿ ಎಲ್ಲಿ ಕೆಟ್ಟು ನಿಂತರೂ ಅವನು ಬಂದು ಎಬ್ಬಿಸುತ್ತಾನೆ. ಹೋಗಿಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಚೀಟಿ ಕೊಟ್ಟರೆ ಸಾಕು. ಮೊದಲ ವರ್ಷ ನಾನು ಕೊಟ್ಟದ್ದು ನಲವತ್ತು ರೂಪಾಯಿ. ಆಮೇಲೆ ವರ್ಷವರ್ಷವೂ ಅವನು ಸ್ವಲ್ಪ ಸ್ವಲ್ಪ ಏರಿಸಿದ. ಲೋಕದಲ್ಲಿ ಎಲ್ಲದರ ಬೆಲೆಯೂ ಏರುತ್ತಿತ್ತಾದ್ದರಿಂದ ನಾನು ಕೇಳಲಿಲ್ಲ.

ಮೊದಲೆರಡು ವರ್ಷ ಗಾಡಿ ಎಲ್ಲೆಂದರಲ್ಲಿ ನಿಂತಿತು. ಒಮ್ಮೆ ಚೈನು ಹರಿಯಿತು, ಇನ್ನೊಮ್ಮೆ ಪ್ಲಗ್ಗು ಹೋಯಿತು. ಮೂರನೆಯ ವರ್ಷದಿಂದ ಒಂದೇ ಕಡೆ ನಿಲ್ಲತೊಡಗಿತು. ಜೋಯಿಡಾ ದಾರಿಯಲ್ಲಿ ಸಾಗವಾನಿ ತೋಪು ಮುಗಿದು ಬಿದಿರಿನ ಮೆಳೆ ಶುರುವಾಗುವ ತಿರುವಿನಲ್ಲಿ ಒಂದು ಕಲ್ಲಿನ ಮೋರಿ ಇದೆ. ಅದರ ಕಟ್ಟೆ ಇಬ್ಬರು ಕೂರುವಷ್ಟು ಅಗಲ. ಅಲ್ಲಿಗೆ ಬಂದಾಗ ಎಂಜಿನ್ನು ಕೆಮ್ಮುತ್ತಿರಲಿಲ್ಲ, ಎಳೆಯುತ್ತಲೂ ಇರಲಿಲ್ಲ. ಮಾತಾಡುತ್ತಿದ್ದವರು ಹೊಸ್ತಿಲಲ್ಲಿ ಯಾರನ್ನೋ ಕಂಡು ಮಾತು ನಿಲ್ಲಿಸುವಂತೆ ನಿಂತುಬಿಡುತ್ತಿತ್ತು. ಜೊತೆಗೆ ಜೀರುಂಡೆಗಳೂ ನಿಲ್ಲುತ್ತಿದ್ದವು. ಮಟಮಟ ಮಧ್ಯಾಹ್ನ, ರಸ್ತೆಯ ಮೇಲೆ ಬಿಳಿ ಬಿಸಿಲು, ಕಿವಿಯೊಳಗೆ ನನ್ನದೇ ರಕ್ತದ ಸದ್ದು. ಹೆದರಿಕೆಯಾಗಲು ಕತ್ತಲೇ ಬೇಕೆಂದು ಹೇಳುವವರು ಆ ಮೋರಿಯ ಮೇಲೆ ಒಂದು ಮಧ್ಯಾಹ್ನ ಕೂತು ನೋಡಬೇಕು. ಯಾರೋ ಪಕ್ಕದಲ್ಲಿ ಕೂತು ನನ್ನೊಡನೆಯೇ ಕಾಯುತ್ತಿದ್ದಾರೆ ಅನಿಸುತ್ತಿತ್ತು. ನಾನು ಕಟ್ಟೆಯ ಒಂದು ತುದಿಗೆ ಸರಿದು ಕೂರುತ್ತಿದ್ದೆ, ಜಾಗ ಬಿಟ್ಟವನಂತೆ.

ದಸ್ತಗೀರ ಬರುತ್ತಿದ್ದ. ಬೇಗ ಬರುತ್ತಿದ್ದ. ಯಾವುದೋ ಲಾರಿಯಿಂದ ಧುಮುಕಿ, ನನ್ನ ಮುಖವನ್ನಾಗಲೀ ಕಟ್ಟೆಯನ್ನಾಗಲೀ ನೋಡದೆ, ಚೀಲದಿಂದ ಒಂದು ಪಾನಾ ಕೂಡ ತೆಗೆಯದೆ ಒಂದು ಕಿಕ್ ಹೊಡೆಯುತ್ತಿದ್ದ. ಗಾಡಿ ಶುರುವಾಗುತ್ತಿತ್ತು. "ಏನಾಗಿತ್ತು?" ಎಂದರೆ, "ಏನೂ ಆಗಿಲ್ಲರೀ. ನಡೀರಿ, ಲಗೂನ ನಡೀರಿ" ಎನ್ನುತ್ತಿದ್ದ. ನಾನು ಅದನ್ನು ಅವನ ಕೈಗುಣ ಎಂದುಕೊಂಡೆ.

ಎಂಟನೆಯ ಯುಗಾದಿಗೆ ನಾನು ಎಪ್ಪತ್ತು ರೂಪಾಯಿ ಕೊಟ್ಟೆ. ಅದೇ ವಾರ ನಮ್ಮ ಕಚೇರಿಗೆ ಹೊಸದಾಗಿ ಬಂದಿದ್ದ ಕುಲಕರ್ಣಿ ಎಂಬ ಹುಡುಗಾಟದ ಮನುಷ್ಯ ಊಟದ ಹೊತ್ತಿನಲ್ಲಿ ಹೇಳಿದ: "ನಿಮ್ಮ ಮಿಸ್ತ್ರಿ ಕಡೆ ನಾನೂ ವರ್ಷದ ಮಾತು ಮಾಡೇನ್ರಿ. ನಲವತ್ತs ತಗೊಂಡ. ಮ್ಯಾಲ ಚಾ ಕುಡಿಸಿದ!" ಅವನ ಸ್ಕೂಟರು ನನ್ನ ಗಾಡಿಗಿಂತ ಹಳೆಯದು. ನನ್ನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ಗಾದೆ ನಮಗೆ ಗೊತ್ತು. ಒಗೆಸಿಕೊಳ್ಳುವ ಹಳೆಯ ಬಟ್ಟೆಯ ಮನಸ್ಸು ಏನು ಎಂದು ಗಾದೆ ಕಟ್ಟಿದವರು ಕೇಳಲಿಲ್ಲ. ಹೊಸ ಅಳಿಯನಿಗೆ ಹೋಳಿಗೆಯ ಮೇಲೆ ತುಪ್ಪ. ಹತ್ತು ವರ್ಷದ ಅಳಿಯನಿಗೆ, 'ಬಾವಿಯಿಂದ ಎರಡು ಕೊಡ ನೀರು ಸೇದಿಕೊಡಪ್ಪ'. ಸಿಟ್ಟಿನಲ್ಲಿ ನಾನು ಪದಕೋಶವನ್ನೂ ತೆಗೆದು ನೋಡಿದೆ. ಗಿರಾಕಿ ಎಂಬುದು ಗ್ರಾಹಕದಿಂದ ಬಂದದ್ದು. ಗ್ರಾಹಕ ಎಂದರೆ ಹಿಡಿಯುವವನು. ಗ್ರಹ, ಗ್ರಹಣ ಎಲ್ಲ ಅದೇ ಬೇರಿನ ಚಿಗುರುಗಳು. ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ಮಾತ್ರ ಪದಕೋಶದಲ್ಲಿ ಇರಲಿಲ್ಲ.

ಮರುದಿನ ಶೆಡ್ಡಿಗೆ ಹೋಗಿ ಕೇಳಿದೆ. ದಸ್ತಗೀರ ಎಣ್ಣೆಯ ಕೈ ಒರೆಸುತ್ತ ನೆಲ ನೋಡಿದ.

"ಹಳಬರಿಗೆ ಜಾಸ್ತಿ ರೀ."

"ಯಾಕೆ? ನಾನೇನು ತಪ್ಪು ಮಾಡಿದೆ?"

"ತಪ್ಪು ನಿಮ್ದಲ್ಲ. ಅದನ್ನ ಕೇಳಬ್ಯಾಡ್ರಿ ಸಾಹೇಬ್ರ. ಬಿಡೂದಿದ್ರ ಬಿಡ್ರಿ, ನಿಮ್ಮ ರೊಕ್ಕ ಹೊಳ್ಳಿ ಕೊಡ್ತೇನಿ."

ಅವನು ನಿಜವಾಗಿಯೂ ಕೊಟ್ಟುಬಿಟ್ಟ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದವನು ಎಪ್ಪತ್ತು ರೂಪಾಯಿ ಹಿಡಿದುಕೊಂಡು ಪೆಚ್ಚಾಗಿ ಹೊರಬಂದೆ. ಮುಂದಿನ ಭಾನುವಾರ ಹಳಿಯಾಳಕ್ಕೆ ಹೋಗಿ ಬಸ್ ನಿಲ್ದಾಣದ ಎದುರಿನ ಬೇರೊಬ್ಬ ಮಿಸ್ತ್ರಿಯೊಡನೆ ಅಂಥದೇ ಮಾತು ಮಾಡಿಕೊಂಡೆ. ಮೂವತ್ತೈದು ರೂಪಾಯಿ, ಚಹಾ, ಜೊತೆಗೆ ಕಬ್ಬಿನ ಹಾಲು. ಹೊಸ ಅಳಿಯನಾಗುವುದು ಎಷ್ಟು ಸುಲಭ ಎಂದು ಸುಮಿತ್ರೆಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. "ಅಂವ ನಿಮ್ಮ ಕಣ್ಣಾಗ ಕಣ್ಣಿಟ್ಟು ನೋಡಿದ್ನೇನ್ರಿ?" ಎಂದು ಕೇಳಿದಳು. ಶಾಲೆಯ ಮಕ್ಕಳ ಸುಳ್ಳು ಹಿಡಿಯುವವರು ಕೇಳುವ ಪ್ರಶ್ನೆ. ಇಲ್ಲ ಎಂದೆ. "ಹಂಗಾರ ಅಂವ ಮೋಸ ಮಾಡಿಲ್ಲ. ಅಂಜ್ಯಾನ" ಎಂದಳು.

ಎರಡು ತಿಂಗಳು ಏನೂ ಆಗಲಿಲ್ಲ. ಮಳೆ ಇನ್ನೂ ಬಂದಿರದ ಒಂದು ಶನಿವಾರ ಗಾಡಿ ಮೋರಿಯ ಹತ್ತಿರ ನಿಂತಿತು.

ಅಂದು ಸುಮಿತ್ರೆಗೆ ಮೂರು ದಿನದಿಂದ ಜ್ವರ ಎಂದು ತಿಳಿದಿತ್ತು. ನನ್ನ ಚೀಲದಲ್ಲಿ ಅವಳ ಔಷಧಿ ಇತ್ತು. ನಾನು ಕಿಕ್ ಹೊಡೆದು ಹೊಡೆದು ಮೊಣಕಾಲು ನೋಯಿಸಿಕೊಂಡೆ. ಹಳಿಯಾಳದ ಮಿಸ್ತ್ರಿಗೆ ಚೀಟಿ ಬರೆದು ಬಸ್ಸಿಗಾಗಿ ಕಾದೆ. ಬಸ್ಸು ಬರಲಿಲ್ಲ. ತಿರುವಿನಾಚೆಯ ಹೊಲದಲ್ಲಿ ಕಳೆ ಸುಡುತ್ತಿದ್ದ ರೋಜಿಬಾಯಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಅವಳು ಅಲ್ಲಿಯ ಸಿದ್ದಿ ಕುಟುಂಬವೊಂದರ ಹೆಂಗಸು. ನಾನು ಮೋರಿಯ ಮೇಲೆ ಕೂತದ್ದನ್ನು ವರ್ಷಗಳಿಂದ ನೋಡಿದವಳು.

"ಬಸ್ ಮುಂಜಾನಿಂದ ಬಂದಿಲ್ಲರೀ. ಘಾಟಿನ್ಯಾಗ ಮರ ಬಿದ್ದೈತಂತ" ಎಂದಳು. "ಚೀಟಿ ಯಾರ ಕೈಯಾಗ ಕಳಸ್ತೀರಿ?"

"ಯಾರ ಕೈಯಲ್ಲೂ ಇಲ್ಲ ತಾಯಿ. ಇಲ್ಲೇ ಇದೆ" ಎಂದು ಜೇಬು ಮುಟ್ಟಿಕೊಂಡೆ.

ಅವಳು ಖಾಲಿ ತಂಬಿಗೆ ಹಿಡಿದು ಕಟ್ಟೆಯ ಕಡೆ ನೋಡಿದಳು. ನಾನು ಆಗಲೇ ತುದಿಗೆ ಸರಿದಿದ್ದೆ. "ಮಿಸ್ತ್ರಿಯ ಹಳೇ ಮಂದಿ ಎಲ್ಲಾರೂ ಹಂಗs ತುದಿಗೇ ಕುಂದರ್ತಾರ" ಎಂದು, ಅದೊಂದು ಸಾಮಾನ್ಯ ಸಂಗತಿಯೆಂಬಂತೆ ಹೇಳಿ, ಹೊಲಕ್ಕೆ ಹೊರಟಳು. ಮೇಲೆ ಒಂದು ಮಂಗಟ್ಟೆ ಹಕ್ಕಿ ಹಾರಿಹೋಯಿತು. ಅದರ ರೆಕ್ಕೆಯ ಸದ್ದು ಯಾರೋ ದೀರ್ಘವಾಗಿ ಉಸಿರೆಳೆದಂತೆ ಇತ್ತು.

ಆಗ ದಾಂಡೇಲಿಯ ಕಡೆಯಿಂದ ಸೈಕಲ್ ತುಳಿಯುತ್ತ ದಸ್ತಗೀರ ಬಂದ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಅಷ್ಟು ದೂರವನ್ನು ಸೈಕಲ್ಲಿನ ಮೇಲೆ ಬರಬೇಕಾದರೆ ಅವನು ನನ್ನ ಗಾಡಿ ನಿಲ್ಲುವ ಮೊದಲೇ ಹೊರಟಿರಬೇಕು. ಈ ಲೆಕ್ಕ ನನ್ನ ತಲೆಯಲ್ಲಿ ತಾನಾಗಿ ಆಯಿತು. ಆದದ್ದೇ ಎದ್ದು ನಿಂತೆ.

"ನಿನಗೆ ಯಾರು ಹೇಳಿದರು?"

ಅವನು ಸೈಕಲ್ಲನ್ನು ಬಿದಿರಿಗೆ ಒರಗಿಸಿದ. ಮೊದಲ ಬಾರಿಗೆ ಕಟ್ಟೆಯನ್ನು ನೋಡಿದ.

"ಜೀಪಿನ ಬುಡಕ ಮಲಗಿ ಕೆಲಸ ಮಾಡಾಕಹತ್ತಿದ್ನಿ. ಯಾರೋ ಬಂದು ನಿಂತ್ರು. 'ಮೋರಿ ಹತ್ರ ಕಾಯಾಕಹತ್ಯಾರ, ಹೋಗು' ಅಂದ್ರು. ಕಾಲಷ್ಟs ಕಂಡ್ವು. ಟಾಯರಿನ ಮೆಟ್ಟು, ಕೆಂಪು ಮಣ್ಣು. ಪ್ರತಿ ಸಲಾ ಹಂಗs ರೀ. ನಿಮ್ಮ ಚೀಟಿ ಆಮ್ಯಾಲ ಬರ್ತಿತ್ತು."

"ಮುಖ ನೋಡಲಿಲ್ಲವೇ?"

"ಹೊರಗ ಬಂದು ನೋಡಬೇಕಿತ್ತು. ನೋಡಿಲ್ಲ. ಧೈರ್ಯ ಸಾಲಿಲ್ಲ."

ಆಮೇಲೆ ಅವನು ಹೇಳಿದ. ಅವನಿಗೆ ಪಾನಾ ಹಿಡಿಯಲು ಕಲಿಸಿದವರು ಗಫಾರ್ ಉಸ್ತಾದರು. ಕೊನೆಗಾಲದಲ್ಲಿ ಅವರು ಕಟ್ಟಿಗೆ ಸಾಗಿಸುವ ಒಂದು ಹಳೆಯ ಲಾರಿ ಓಡಿಸಿಕೊಂಡಿದ್ದರು. ಶಿಷ್ಯನ 'ವರ್ಷದ ಮಾತಿ'ನ ಮೊದಲ ಗಿರಾಕಿ ಅವರೇ. ಅವರಿಂದ ದಸ್ತಗೀರ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಒಂದು ದಿನ ಬೆಳಿಗ್ಗೆ ಅವರ ಲಾರಿ ಈ ಮೋರಿಯ ಹತ್ತಿರ ಕೆಟ್ಟಿತು. ಚೀಟಿ ಬಂತು. ಅದೇ ಹೊತ್ತಿಗೆ ಶೆಡ್ಡಿನ ಮುಂದೆ ಯಾರದೋ ಹೊಸ ಕಾರು ನಿಂತಿತ್ತು, ಹೊಸ ಗಿರಾಕಿ, ಕೈತುಂಬ ದುಡ್ಡು ಕೊಡುವವನು.

"ಉಸ್ತಾದ್ ನಮ್ಮವರs ಅಲ್ಲಾ, ಕಾಯ್ತಾರ ಅಂದ್ನಿ. ಕಾರಿಂದು ಮುಗಿಸಿ ಬಂದ್ನಿ. ಮಧ್ಯಾಹ್ನ ಆಗಿತ್ತು. ಇಲ್ಲೆ ಕುಂತಿದ್ರು. ರಸ್ತೆ ಕಡೆ ಮಾರಿ ಮಾಡಿ. ಜೀವಾ ಇರ್ಲಿಲ್ಲ." ಅವನು ತೋಳಿನಿಂದ ಮುಖದ ಬೆವರು ಒರೆಸಿಕೊಂಡ. "ಅವ್ರ ಕಡೆ ರೊಕ್ಕಾ ತಗೊಂಡಿದ್ರ ಅಂಜಿ ಓಡಿ ಬರ್ತಿದ್ನಿ ರೀ. ನಮ್ಮ ಮಂದಿ ಅಂದ ಕೂಡ್ಲೆ ತಡಾ ಮಾಡ್ತೇವಿ. ಅದಕ್ಕs ಹಳಬರ ಕಡೆ ಜಾಸ್ತಿ ತಗೋತೇನಿ. ನನಗ ಅಂಜಿಕಿ ಇರ್ಲಿ ಅಂತ."

ಎಪ್ಪತ್ತು ರೂಪಾಯಿಗಾಗಿ ಪದಕೋಶ ತಿರುವಿದವನು ನಾನು. "ನಾನು ಈ ವರ್ಷ ನಿನ್ನ ಗಿರಾಕಿಯೇ ಅಲ್ಲವಲ್ಲ ದಸ್ತಗೀರ. ಆದರೂ ಬಂದೆ" ಎಂದೆ.

"ಅದು ನನಗ ಗೊತ್ತೈತಿ. ಅವ್ರಿಗೆ ಗೊತ್ತಿಲ್ಲ ಅನಸ್ತೈತಿ" ಎಂದ.

ಅವನು ಒಂದು ಕಿಕ್ ಹೊಡೆದ. ಗಾಡಿ ಶುರುವಾಯಿತು. ಜೀರುಂಡೆಗಳು ಒಮ್ಮೆಲೇ ಕೂಗತೊಡಗಿದವು. ನಾನು ಹತ್ತಿ ಹೊರಟೆ. ತಿರುವು ದಾಟುತ್ತ ಹಿಂತಿರುಗಿ ನೋಡಿದಾಗ ದಸ್ತಗೀರ ಮೊದಲ ಬಾರಿಗೆ ಆ ಕಟ್ಟೆಯ ಮೇಲೆ ಕೂತಿದ್ದ. ಅವನೂ ತುದಿಗೇ ಕೂತಿದ್ದ. ತಲೆ ತಗ್ಗಿಸಿ, ಪಕ್ಕದ ಖಾಲಿ ಕಲ್ಲಿನ ಕಡೆ ವಾಲಿಕೊಂಡು, ಬೈಗುಳ ಕೇಳಿಸಿಕೊಳ್ಳುವ ಶಿಷ್ಯನಂತೆ.

ಸುಮಿತ್ರೆಗೆ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಎರಡು ದಿನದಲ್ಲಿ ಎದ್ದು ಶಾಲೆಗೆ ಹೋದಳು. ಸೋಮವಾರವೇ ನಾನು ಶೆಡ್ಡಿಗೆ ಹೋಗಿ ಎಪ್ಪತ್ತು ರೂಪಾಯಿ ಮುಂದಿಟ್ಟೆ. ದಸ್ತಗೀರ ಅದರಲ್ಲಿ ಮೂವತ್ತನ್ನು ವಾಪಸು ಸರಿಸಿದ. ಮುಖ ಹಗುರವಾಗಿತ್ತು, ಅಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಬಿಟ್ಟು ಹೋಗಿ ಬಂದೀರಿ. ಈಗ ಹೊಸಬರು ನೀವು. ನಲವತ್ತs."

"ಎಪ್ಪತ್ತೇ ಇರಲಿ ಮಾರಾಯ, ನಾನು ಹಳಬ."

"ಹಳಬರಾಗಾಕ ವರ್ಷ ಬೇಕ್ರಿ ಸಾಹೇಬ್ರ. ರೊಕ್ಕಾ ಕೊಟ್ಟು ಆಗೂದಲ್ಲ" ಎಂದು ಚಹಾ ತರಿಸಿದ.

ಮುಂದಿನ ಶನಿವಾರ ಮೋರಿ ಹತ್ತಿರವಾದಂತೆ ನಾನು ವೇಗ ತಗ್ಗಿಸಿದೆ. ಗಾಡಿ ಒಂದು ಸಲವೂ ಕೆಮ್ಮದೆ, ಹೊಸ ಮದುವಣಿಗನಂತೆ ಬೀಗಿಕೊಂಡು ದಾಟಿತು. ಜೀರುಂಡೆಗಳು ಕೂಗುತ್ತಲೇ ಇದ್ದವು. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ, ಯಾರೋ ಬೇಕೆಂದೇ ಮುಖ ತಿರುಗಿಸಿದರೆ ಆಗುವಂಥ ಸಣ್ಣ ಅವಮಾನವಾಯಿತು. ನಲವತ್ತು ರೂಪಾಯಿ ಕೊಟ್ಟವನನ್ನು ಅಲ್ಲಿ ಯಾರೂ ಗುರುತಿಸಲಿಲ್ಲ.