ದೊಡ್ಡವ್ವನ ಒಪ್ಪತ್ತು

ಜಮಖಂಡಿಯ ದವಾಖಾನೆಯೊಂದರಲ್ಲಿ ಮೇಜಿನ ಮೇಲೆ ರಬ್ಬರಿನ ರೊಟ್ಟಿ ಇಟ್ಟಿದ್ದರು. ಅದರ ಪಕ್ಕ ರಬ್ಬರಿನ ಅನ್ನ, ರಬ್ಬರಿನ ಬಾಳೆಹಣ್ಣು, ರಬ್ಬರಿನದೇ ಒಂದು ತತ್ತಿ. ರೊಟ್ಟಿಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬಿಡಿಸಿ ಬೆಂದ ಹಾಗೆ ಮಾಡಿದ್ದರು. ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಎತ್ತಿ ಅಂಚು ಮುಟ್ಟಿ ನೋಡಿದೆ. ಅಂಚು ದಪ್ಪ. ನಾನು ಹೀಗೆ ಬಡಿದಿದ್ದರೆ ನಮ್ಮ ಅತ್ತೆ ಎರಡು ದಿನ ಮಾತು ಬಿಡುತ್ತಿದ್ದರು.

ನೌಕರಿಯಿಂದ ನಿವೃತ್ತಳಾದ ಮೇಲೆ ನನಗೆ ಸಕ್ಕರೆ ಕಾಯಿಲೆ ಬಂದಿದೆ. ಸರಕಾರ ಕೊಡುವ ಪಿಂಚಣಿಯ ಜೊತೆ ದೇವರು ಕೊಟ್ಟ ಭತ್ಯೆ ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ಊಟದ ಪಥ್ಯ ಹೇಳಿಸಿಕೊಂಡು ಬರಲು ಸೊಸೆ ಸವಿತಾ ಶಾಲೆಗೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋಗಿದ್ದಳು. ಮೇಜಿನ ಆಚೆ ಕುಳಿತಿದ್ದ ಹುಡುಗಿಗೆ, ನನಗೊಬ್ಬ ಮಗಳಿದ್ದರೆ ಆಗಿರುತ್ತಿದ್ದಷ್ಟು ವಯಸ್ಸು.

“ಆಂಟಿ, ನಿನ್ನಿ ಮುಂಜಾನಿಂದ ರಾತ್ರಿತನಾ ಏನೇನ ಊಟ ಮಾಡಿದ್ರಿ, ಅಷ್ಟೂ ಹೇಳ್ರಿ” ಎಂದಳು.

ಇದಕ್ಕೇನು ಕಷ್ಟ? ಮುಂಜಾನೆ ಒಂದು ಪ್ಲೇಟು ಉಪ್ಪಿಟ್ಟು, ಮೇಲೆ ಚಹಾ. ಮಧ್ಯಾಹ್ನ ಎರಡು ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ, ಒಂದು ವಾಟಿ ಮೊಸರು. ಸಂಜೆ ಎರಡು ಬಿಸ್ಕೀಟು. ನಾನು ಗಿಳಿಯ ಹಾಗೆ ಒಪ್ಪಿಸುತ್ತ ಹೋದೆ. ಸವಿತಾ ಮೆಲ್ಲಗೆ ಕೆಮ್ಮಿದಳು.

“ಅತ್ತಿ, ಅದು ಮಾವಾರು ಉಂಡದ್ರಿ.”

ಹುಡುಗಿ ನಕ್ಕಳು. ನಾನೂ ನಕ್ಕೆ. ನಂತರ ನನ್ನದನ್ನು ಹೇಳಲು ಹೋದರೆ ಬಾಯಿಗೆ ಬರಲೇ ಇಲ್ಲ. ಬುಟ್ಟಿಯ ತಳದಲ್ಲಿ ಉಳಿದಿದ್ದ ಹಿಂದಿನ ದಿನದ ರೊಟ್ಟಿ ಅರ್ಧವೋ ಮುಕ್ಕಾಲೋ, ಪಾತ್ರೆಗೆ ಹತ್ತಿದ ಉಪ್ಪಿಟ್ಟು ನಿಂತಲ್ಲೇ ಒಂದೆರಡು ತುತ್ತು, ಮೊಮ್ಮಗ ಬಿಟ್ಟ ಅನ್ನ. ಅದನ್ನೆಲ್ಲ ಊಟವೆಂದು ಲೆಕ್ಕಕ್ಕೆ ಹಿಡಿಯುವುದು ಹೇಗೆ, ನೀವೇ ಹೇಳಿ.

“ಹೆಣ್ಣುಮಕ್ಕಳಿಗೆ ದಿನಕ್ಕ ಇಷ್ಟು ಕ್ಯಾಲರಿ ಅಂತ ಬೇಕ ಬೇಕ್ರಿ ಆಂಟಿ. ಕಡಿಮಿ ಆದ್ರೂ ತ್ರಾಸ, ಹೆಚ್ಚಾದ್ರೂ ತ್ರಾಸ” ಎಂದು ಹುಡುಗಿ ಒಂದು ಸಂಖ್ಯೆ ಹೇಳಿದಳು. ಅದು ಎಲ್ಲರಿಗೂ ಒಂದೇ ಅಲ್ಲವಂತೆ. ವಯಸ್ಸು, ಎತ್ತರ, ತೂಕ ನೋಡಬೇಕು, ಬಸುರಿಗೆ ಬೇರೆ, ಬಾಣಂತಿಗೆ ಬೇರೆ. ಮಾಡುವ ಕೆಲಸವನ್ನೂ ನೋಡಬೇಕು. “ನೀವು ಕುಂತು ಕೆಲಸ ಮಾಡಾವ್ರೋ, ನಿಂತು ಮಾಡಾವ್ರೋ?”

ಈ ಪ್ರಶ್ನೆಗೆ ನನಗೆ ನೆನಪಾದದ್ದು ನಾನಲ್ಲ, ಬನಹಟ್ಟಿಯ ನನ್ನ ದೊಡ್ಡವ್ವ.

ಅಪ್ಪನಿಗೆ ಬೀಳಗಿ ಕಡೆಯ ಹಳ್ಳಿಗಳಲ್ಲಿ ಮೇಲಿಂದ ಮೇಲೆ ವರ್ಗವಾಗುತ್ತಿತ್ತು. ಹುಡುಗಿಯ ಓದು ಕೆಡಬಾರದೆಂದು ನನ್ನನ್ನು ಬನಹಟ್ಟಿಯ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ನೇಕಾರರ ಮನೆ. ಮುಂದಿನ ಪಡಸಾಲೆಯಲ್ಲಿ ದೊಡ್ಡಪ್ಪನ ಮಗ್ಗಗಳು, ಹಿಂದೆ ಅಡುಗೆಮನೆ, ಇವೆರಡರ ನಡುವಿನ ಗೋಡೆಗೆ ಬೆನ್ನು ಕೊಟ್ಟು ದೊಡ್ಡವ್ವನ ರಾಟೆ. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗೆ ಕಂಡಿಕೆ ಎನ್ನುತ್ತಾರೆ. ಆ ಕಂಡಿಕೆ ಸುತ್ತುವುದು ಹೆಂಗಸರ ಕೆಲಸ. ಒಂದು ಕೈಯಲ್ಲಿ ರಾಟೆ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಎಳೆ ಹಿಡಿದು, ಕಿವಿಯನ್ನು ಒಲೆಯ ಮೇಲಿನ ಬೇಳೆಯ ಕಡೆ ಇಟ್ಟುಕೊಂಡು ಅವಳು ದಿನವಿಡೀ ಕೂರುತ್ತಿದ್ದಳು. ಕೂತು ಮಾಡುವ ಕೆಲಸವೇ ಸರಿ. ಆದರೆ ಆ ಕೂರುವಿಕೆಯ ನಡುವೆ ನೀರು ಹೊರುವುದು, ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು ಎಲ್ಲ ಮುಗಿದಿರುತ್ತಿತ್ತು. ದವಾಖಾನೆಯ ಹುಡುಗಿ ಇವಳನ್ನು ಯಾವ ಸಾಲಿನಲ್ಲಿ ಬರೆಯುತ್ತಿದ್ದಳೋ ನನಗೆ ಗೊತ್ತಿಲ್ಲ.

ಕ್ಯಾಲರಿ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಮನುಷ್ಯನ ಊಟ ಅಳೆಯುವುದು ರೊಟ್ಟಿಯಲ್ಲಿ. ಇಷ್ಟು ರೊಟ್ಟಿ ತಿನ್ನುವ ಆಳು ಇಷ್ಟು ಸೀರೆ ನೇಯುತ್ತಾನೆ ಎಂದು ಗಂಡಸರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಹೆಂಗಸರ ರೊಟ್ಟಿಗೆ ಮಾತ್ರ ಅಳತೆ ಇರಲಿಲ್ಲ. ಕನ್ಯೆ ನೋಡಿ ಬಂದವರು “ಹುಡಿಗಿ ಛಲೋ ಅದಾಳ, ಉಣ್ಣೂದು ಕಡಿಮಿ” ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮೋಟಾರು ಕೊಳ್ಳುವಾಗ ಎಣ್ಣೆ ಎಷ್ಟು ಕುಡಿಯುತ್ತದೆ ಎಂದು ವಿಚಾರಿಸುವುದಿಲ್ಲವೇ, ಹಾಗೆ.

ದೊಡ್ಡವ್ವ ಉಣ್ಣುವುದನ್ನು ಯಾರೂ ನೋಡಿರಲಿಲ್ಲ. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ ಮುಗಿದು ಒಲೆಯ ಬೂದಿ ಆರಿದ ಮೇಲೆ ಅವಳ ಊಟ. ಅದೂ ವಾರದಲ್ಲಿ ಕೆಲವೇ ದಿನ. ಉಳಿದ ದಿನ ಒಪ್ಪತ್ತು, ಅಂದರೆ ದೇವರ ಹೆಸರಿನಲ್ಲಿ ಒಂದೇ ಹೊತ್ತಿನ ಊಟ. ಮಗ್ಗದ ಧೂಳಿಗೆ ದೊಡ್ಡಪ್ಪನಿಗೆ ಕೆಮ್ಮು ಹತ್ತಿದಾಗ ಸೋಮವಾರ ಹಿಡಿದಳು. ಮಗ ಬಸವರಾಜನ ಬೆರಳು ಮಗ್ಗಕ್ಕೆ ಸಿಕ್ಕಾಗ ಹನುಮಪ್ಪನ ಹೆಸರಲ್ಲಿ ಶನಿವಾರ ಹಿಡಿದಳು. ನಾನು ಮೆಟ್ರಿಕ್ ಪರೀಕ್ಷೆಗೆ ಕೂತ ವರ್ಷ ನನ್ನ ಸಲುವಾಗಿ ಗುರುವಾರ. ನಾನು ಪಾಸಾದೆ, ಗಣಿತದಲ್ಲಿ ಕೂಡ, ಅದು ದೇವರ ಕೆಲಸವೇ ಇರಬೇಕು. ಪಾಸಾದೆನಲ್ಲ, ಇನ್ನು ಗುರುವಾರ ಬಿಡು ದೊಡ್ಡವ್ವ ಎಂದರೆ ರಾಟೆ ನಿಲ್ಲಿಸದೆಯೇ ಹೇಳಿದಳು:

“ಕೆಲಸ ಆತಂತ ಕೊಟ್ಟ ವಾರ ತಿರಗಿ ಇಸ್ಕೊತಾರೇನಬೇ? ಇರಲಿ, ನಿನ್ನ ಲಗ್ನಕ್ಕ ಬರತೈತಿ.”

ನಮ್ಮ ಸೀಮೆಯಲ್ಲಿ ಏಳು ದಿನಕ್ಕೂ ಒಬ್ಬೊಬ್ಬ ದೇವರು ಇದ್ದಾನೆ. ಹೊಟ್ಟೆಗೆ ಅಂತ ಒಂದು ದಿನವನ್ನೂ ಬಿಟ್ಟಿಲ್ಲ. ದೊಡ್ಡವ್ವ ಒಂದೊಂದೇ ದಿನವನ್ನು ದೇವರಿಗೆ ಒಪ್ಪಿಸುತ್ತ ಬಂದಳು. ಓಣಿಯಲ್ಲಿ ಅವಳ ಹೆಸರು ದೊಡ್ಡದಾಯಿತು. ಹೊಸ ಮದುಮಕ್ಕಳನ್ನು ಅವಳ ಕಾಲಿಗೆ ಬೀಳಿಸಿ ಕರೆದುಕೊಂಡು ಹೋಗುತ್ತಿದ್ದರು. ದೊಡ್ಡಪ್ಪ ಬಂದವರ ಮುಂದೆ, “ನಮ್ಮಾಕಿ ಗಾಳಿ ಮ್ಯಾಲ ಬದಕತಾಳ್ರಿ” ಎಂದು ನಗುತ್ತಿದ್ದ. ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ತುಕೊಂಡು ಹೋಗಿ ಎಂಬ ಗಾದೆಯನ್ನು ಅವನು ರಾಗವಾಗಿ ಹೇಳುವುದನ್ನು ಕೇಳಲು ಚೆನ್ನಾಗಿರುತ್ತಿತ್ತು. ಕೆಟ್ಟ ಮನುಷ್ಯನಲ್ಲ ಅವನು. ಹೆಂಡತಿಯ ಮೇಲೆ ಅವನಿಗೆ ಭಕ್ತಿಯೇ ಇತ್ತು. ಭಕ್ತಿಯ ಬದಲು ಒಮ್ಮೆ ಅವಳ ತಾಟಿನಲ್ಲಿ ಇಣುಕಿ ನೋಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನಾನು ಜಮಖಂಡಿಯ ಕಾಲೇಜಿಗೆ ಬಂದು ವಸತಿಗೃಹ ಸೇರಿದ ಮೇಲೆ ರಜೆಗಷ್ಟೇ ಬನಹಟ್ಟಿಗೆ ಹೋಗುತ್ತಿದ್ದೆ. ಒಂದು ರಜೆಯಲ್ಲಿ ಹೋದಾಗ ದೊಡ್ಡವ್ವ ವಾರದ ಇನ್ನೂ ಕೆಲವು ದಿನ ಹಿಡಿದಿದ್ದಳು. ಉಳಿದ ದಿನವೂ ರೊಟ್ಟಿ ಬಿಟ್ಟು ಅಂಬಲಿ ಕುಡಿಯುತ್ತಾಳೆ, ಅದೇನೋ ಕಠಿಣ ನೇಮ ಎಂದು ಮನೆಯವರು ಹೇಳಿದರು. ಅಷ್ಟರಲ್ಲಿ ಬಸವರಾಜನಿಗೆ ಲೋಕಾಪುರದ ಹುಡುಗಿ ನಿಶ್ಚಯವಾಗಿತ್ತು. ಸೊಸೆ ಮನೆಗೆ ಬರುವಾಗ ಅತ್ತೆ ಒಪ್ಪತ್ತು ಇರಬಾರದು, ಲಗ್ನದ ಮುಂಚೆ ಅವಳ ಒಪ್ಪತ್ತು ಬಿಡಿಸಬೇಕು ಎಂದು ಹಿರಿಯರು ತೀರ್ಮಾನಿಸಿದರು.

ಒಪ್ಪತ್ತು ಬಿಡಿಸುವುದಕ್ಕೂ ನಮ್ಮಲ್ಲಿ ಒಂದು ರೀತಿ ಇದೆ. ಐದು ಮಂದಿ ಮುತ್ತೈದೆಯರನ್ನು ಕರೆದು ಉಡಿ ತುಂಬಿ ಹೋಳಿಗೆಯ ಊಟಕ್ಕೆ ಕೂರಿಸುತ್ತಾರೆ. ನೇಮ ಹಿಡಿದವಳನ್ನು ಅವರ ಸಾಲಿನ ತುದಿಗೆ ಕೂರಿಸಿ, ಎಲ್ಲರಿಗಿಂತ ಮೊದಲು ಅವಳಿಗೆ ಬಡಿಸುತ್ತಾರೆ. ಅವಳು ಮೊದಲ ತುತ್ತು ನುಂಗಿದ ಮೇಲೆಯೇ ಉಳಿದವರು ಉಣ್ಣಬೇಕು. ಆ ದಿನ ಮಗ್ಗ ನಿಲ್ಲಿಸಿದ್ದರಿಂದ ಮನೆ ಎಂದೂ ಇಲ್ಲದಷ್ಟು ಸುಮ್ಮನಿತ್ತು. ದೊಡ್ಡವ್ವ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡಳು. ಅಗಿದಳು. ಮುತ್ತೈದೆಯರು ಬೆರಳನ್ನು ಹೋಳಿಗೆಯ ಮೇಲೆ ಇಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಅವಳು ಅಗಿಯುತ್ತಲೇ ಇದ್ದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಎದ್ದು ಬಚ್ಚಲಿಗೆ ಹೋದಳು.

ಮುಖ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡು ಬಂದವಳು ಎಲ್ಲರ ಕಡೆ ನೋಡಿ ನಕ್ಕಳು.

“ದೇವರು ಇನ್ನಾ ಬಿಡವಲ್ಲ ನನ್ನ. ಇನ್ನೊಂದು ವರ್ಷ ನಡಸು ಅಂತಾನ. ನೀವು ಉಣ್ರಿ, ಹೋಳಿಗಿ ಆರತಾವ.”

ಯಾರಿಗೂ ಬೇರೆ ಯೋಚನೆ ಬರಲಿಲ್ಲ. ಸಾಲಿನಲ್ಲಿದ್ದ ಹಿರಿಯಳೊಬ್ಬಳು ಎಂಜಲಾಗದ ಕೈ ಜೋಡಿಸಿದಳು. ದೊಡ್ಡಪ್ಪನ ಕಣ್ಣಲ್ಲಿ ನೀರು ಬಂತು, ಹೆಮ್ಮೆಯ ನೀರು. ಉಣ್ಣುವ ಮೊದಲು ಮುತ್ತೈದೆಯರು ಒಬ್ಬೊಬ್ಬರಾಗಿ ಎದ್ದು ಅವಳ ಕಾಲು ಮುಟ್ಟಿದರು, ನಾನೂ ಮುಟ್ಟಿದೆ. ಕಾಲುಂಗುರ ಜಾರಿ ಬೀಳದ ಹಾಗೆ ಬೆರಳಿಗೆ ಮಗ್ಗದ ನೂಲು ಸುತ್ತಿಕೊಂಡಿದ್ದಳು. ಮನೆಯ ನೂಲು ಹೇಗೆಲ್ಲ ಉಪಯೋಗಕ್ಕೆ ಬರುತ್ತದೆ ಎಂದುಕೊಂಡೆ, ಅಷ್ಟೆ.

ಲಗ್ನ ಮುಗಿದು ಕೆಲವು ತಿಂಗಳಿಗೆ ದೊಡ್ಡವ್ವನಿಗೆ ನೀರೂ ಇಳಿಯದಾಯಿತು. ಆಗ ಮಿರಜದ ದೊಡ್ಡ ದವಾಖಾನೆಗೆ ಒಯ್ದರು. ಅನ್ನನಾಳದಲ್ಲಿ ಗಡ್ಡೆ ಎಂದು ಗೊತ್ತಾಯಿತು, ಬಹಳ ದಿನದ್ದು. ಡಾಕ್ಟರು ದೊಡ್ಡಪ್ಪನನ್ನು ಕೇಳಿದರಂತೆ: ಊಟ ಯಾವಾಗಿನಿಂದ ಕಡಿಮೆಯಾಯಿತು, ಮೊದಲು ಎಷ್ಟು ಉಣ್ಣುತ್ತಿದ್ದರು? ಎಂಥ ಸಣ್ಣ ಪ್ರಶ್ನೆ. ಇಷ್ಟು ವರ್ಷ ಜೊತೆಗಿದ್ದ ಗಂಡ ಬಾಗಿಲು ಹಿಡಿದು ನಿಂತು ಹೇಳಿದನಂತೆ, “ಅಕಿ ಉಣ್ಣೂದ ನಾವು ಯಾರೂ ನೋಡಿಲ್ರಿ.”

ಅವಳನ್ನು ಮನೆಗೆ ಕರೆತಂದ ಮೇಲೆ ನಾನು ಹೋಗಿ ಕೆಲವು ದಿನ ಜೊತೆಗಿದ್ದೆ. ಒಂದು ಮಧ್ಯಾಹ್ನ ಚಮಚದಲ್ಲಿ ಹಾಲು ತುಟಿಗೆ ಹಚ್ಚುತ್ತಿದ್ದೆ. ಪಡಸಾಲೆಯಲ್ಲಿ ಮಗ್ಗ ನಡೆಯುತ್ತಿತ್ತು. ಅದನ್ನು ನಿಲ್ಲಿಸಬೇಡಿ ಎಂದು ಅವಳೇ ಹೇಳಿದ್ದಳು.

“ಮೊದಲನಾಗ ಖರೇನ ದೇವರಿಗೇ ಬಿಟ್ಟಿದ್ದೆ” ಎಂದಳು. ದನಿ ಸಣ್ಣದಾಗಿತ್ತು. “ಆಮ್ಯಾಲ ರೊಟ್ಟಿ ನುಂಗಾಕ ಬರದಂಗಾತು. ಹೇಳಿದ್ರ ನಿಮ್ಮ ದೊಡ್ಡಪ್ಪ ಮಗ್ಗ ಬಿಟ್ಟು ನನ್ನ ಹಿಂದ ದವಾಖಾನಿ ತಿರಗತಾನ, ಹುಡಗನ ಲಗ್ನ ನಿಲ್ಲತೈತಿ. ದೇವರ ಹೆಸರ ಹೇಳಿದ್ನೆಂದ್ರ ಯಾರೂ ಏನೂ ಕೇಳಾಂಗಿಲ್ಲಲ್ಲ.”

“ಹಸಿವು ಹೋಗಿತ್ತೇನ ದೊಡ್ಡವ್ವ?”

ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ತಡೆಯಲಾಗುವುದಿಲ್ಲ.

“ಹಸಿವು ಎಲ್ಲಿ ಹೋಗತೈತಿಬೇ? ದಿನಾ ಆಗತಿತ್ತು. ನಿಮಗ ರೊಟ್ಟಿ ಬಡೀವಾಗ ಭಾಳ ಆಗತಿತ್ತು.”

ನಾನು ಚಮಚ ಕೆಳಗಿಟ್ಟು ಅತ್ತೆ. ಅವಳೇ ನನ್ನ ಕೈ ಸವರಿದಳು. ನಮ್ಮ ಮನೆಯಲ್ಲಿ ಮೊದಲು ಹೊತ್ತುಕೊಂಡು ಹೋದದ್ದು ಒಪ್ಪತ್ತು ಉಂಡ ಯೋಗಿಯನ್ನೇ. ದೊಡ್ಡಪ್ಪ ಆಮೇಲೆ ಆ ಗಾದೆಯನ್ನು ಹೇಳಿದ್ದು ನಾನು ಕೇಳಲಿಲ್ಲ. ಊಟಕ್ಕೆ ಕೂತರೆ ಹೊಸ ಸೊಸೆಯನ್ನು ಕರೆದು “ನೀ ಉಂಡೇನವ್ವ?” ಎಂದು ಕೇಳುತ್ತಿದ್ದ. ಅವಳು ಹ್ಞೂಂ ಎಂದರೂ ಇನ್ನೊಮ್ಮೆ ಕೇಳುತ್ತಿದ್ದ. ಅವಳು ಸಿಟ್ಟಾಗುತ್ತಿದ್ದಳು.

ದವಾಖಾನೆಯಿಂದ ಆಟೋದಲ್ಲಿ ಮನೆಗೆ ಬರುವಾಗ ಇದನ್ನೆಲ್ಲ ಸವಿತಾಳಿಗೆ ಹೇಳಬೇಕೆನಿಸಿತು. ಆದರೆ ಆಟೋದ ಸದ್ದಿನಲ್ಲಿ ಹೇಳುವ ಮಾತಲ್ಲ ಎಂದು ಸುಮ್ಮನಿದ್ದೆ. ಮನೆ ಸೇರಿದಾಗ ಊಟದ ಹೊತ್ತು ಮೀರಿತ್ತು. ಅವಳು ಕೈಕಾಲು ತೊಳೆದವಳೇ ಬಿಸಿ ರೊಟ್ಟಿ ಬಡಿದು, ಆ ಹುಡುಗಿ ಹೇಳಿದ ಅಳತೆಗೆ ಸರಿಯಾಗಿ ಪಲ್ಲೆ, ಮೊಸರು, ಹಸಿ ಸೌತೆಕಾಯಿ ಇಟ್ಟು ನನ್ನ ತಾಟು ತಂದಳು.

“ನಿಂದು?” ಎಂದೆ.

“ನಂದು ಇವತ್ತ ಒಪ್ಪತ್ತ್ರಿ. ರಾತ್ರಿ ಉಣತೇನ್ರಿ.”

“ಯಾವಾಗಿಂದ ಹಿಡದಿ?”

ಅವಳು ಸೌತೆಕಾಯಿಯ ಹೋಳುಗಳನ್ನು ತಾಟಿನ ಅಂಚಿಗೆ ಜೋಡಿಸಿದಳು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು, ಪ್ರೊಟೀನು, ಜೀವಸತ್ವ ಎಲ್ಲ ಬಾಯಿಪಾಠ ಇರುವವಳು. “ನಿಮ್ಮ ಸಕ್ಕರಿ ಗೊತ್ತಾದಾಗಿಂದ್ರಿ, ಅತ್ತಿ. ಕಡಿಮಿ ಆಗಲಿ ಅಂತ.”

ಮತ್ತೊಬ್ಬಳು ನನ್ನ ಹೆಸರಿನಲ್ಲಿ ಹಸಿದಿದ್ದಳು. ನಾನು ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಅದನ್ನು ಗಮನಿಸಿರಲಿಲ್ಲ. ನನ್ನ ತಾಟನ್ನು ಅವಳ ಕಡೆ ಸರಿಸಿದೆ.

“ದೇವರಿಗೆ ನಾ ಹೇಳ್ಕೊತೇನಿ. ನೀ ಕುಂಡ್ರು, ಉಣ್ಣು.”

“ಹಂಗ ನಡುವ ಬಿಡಬಾರದ್ರಿ, ಅತ್ತಿ.”

“ಬಿಡಬೇಕವ್ವ. ನಾ ನೋಡೂಹಂಗ ಉಣ್ಣು.”

ಕೂತಳು. ನಾನು ಎದುರಿಗೆ ಕೂತೆ. ತಲೆ ತಗ್ಗಿಸಿ, ಯಾರೋ ಈಗ ಕರೆದೇಬಿಡುತ್ತಾರೆ ಎನ್ನುವವಳ ಹಾಗೆ ಬೇಗ ಬೇಗ ಉಂಡಳು. ಪ್ರತಿ ತುತ್ತು ಗಂಟಲಿನಲ್ಲಿ ಇಳಿಯುವುದನ್ನು ನಾನು ನಾಚಿಕೆ ಬಿಟ್ಟು ನೋಡಿದೆ. ರೊಟ್ಟಿ ಮುಗಿಯಿತು. ಇನ್ನೊಂದು ತಂದು ಹಾಕಲು ಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

“ಸಾಕ್ರಿ, ಅತ್ತಿ.”

ನಾನು ರೊಟ್ಟಿ ಹಿಡಿದುಕೊಂಡು ಹಾಗೆಯೇ ನಿಂತೆ. ಹೆಂಗಸೊಬ್ಬಳು ಸಾಕು ಎಂದರೆ ಅದನ್ನು ನಂಬಬೇಕೋ ಬಿಡಬೇಕೋ, ಈ ವಯಸ್ಸಿನಲ್ಲೂ ನನಗೆ ತಿಳಿಯಲಿಲ್ಲ.