ಪಹಣಿ ಇಲ್ಲದವಳ ಈರುಳ್ಳಿ

ಹೊನ್ನಾವರದ ಆ ಸಭಾಭವನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಗುಮಾಸ್ತ ನನ್ನ ಆಧಾರ್ ಕಾರ್ಡನ್ನು ಎರಡೂ ಕಡೆ ನೋಡಿ, "ಪಹಣಿ ಎಲ್ಲಿ?" ಎಂದು ಕೇಳಿದ.

"ಇಲ್ಲ."

"ಮನೆಯಲ್ಲಿ ಬಿಟ್ಟು ಬಂದ್ರಾ?"

"ಮನೆಯಲ್ಲೂ ಇಲ್ಲ. ಜಾಗ ನನ್ನದಲ್ಲ. ಬೇರೆಯವರ ಗದ್ದೆಯಲ್ಲಿ ಬೆಳೀತಾ ಇದ್ದೇನೆ."

ಅವನು ಕಾರ್ಡು ವಾಪಸು ಕೊಟ್ಟ. "ಇದು ಹೊಸದಾಗಿ ಕೃಷಿಗೆ ಬಂದ ಸಣ್ಣ ರೈತರಿಗೆ ಇಟ್ಟ ತರಬೇತಿ, ಅಮ್ಮ. ಪಹಣಿಯಲ್ಲಿ ಹೆಸರಿಲ್ಲದಿದ್ರೆ ರೈತರು ಅಂತ ಬರ್ಕೊಳ್ಳಲಿಕ್ಕೆ ಆಗೂದಿಲ್ಲ. ಇಷ್ಟು ವರ್ಷ ಎಂತ ಮಾಡ್ತಿದ್ರಿ?"

"ಮೀನು ಮಾರ್ತಿದ್ದೆ."

"ಮತ್ತೆ, ಅದನ್ನೇ ಮಾಡಿ."

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ನನ್ನ ಹಿಂದೆ ಉದ್ದ ಸಾಲಿತ್ತು, ಅವನಿಗೆ ಅವಸರವಿತ್ತು. ಆದರೆ ಬೆಳಿಗ್ಗೆ ಮನೆಯ ಕೆಲಸ ಮುಗಿಸಿ, ಕುಮಟಾದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ ಆ ಮಾತು ನುಂಗಲಿಕ್ಕೆ ಆಗಲಿಲ್ಲ. "ಇಪ್ಪತ್ತು ವರ್ಷ ಮೀನು ಮಾರಿದೆ, ಸಮುದ್ರದ ಪಹಣಿ ಯಾರೂ ಕೇಳ್ಲಿಲ್ಲ. ನೀವು ಹೆಸರು ಬರ್ಕೊಳ್ಳೂದು ಬೇಡ. ನಾ ಹಿಂದೆ ಕೂತ್ಕಳ್ತೆ" ಎಂದವಳೇ ಒಳಗೆ ಹೋಗಿ ಕಡೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಎಬ್ಬಿಸಲು ಬರುತ್ತಾರೆ ಎಂದು ಸೆರಗು ಬಿಗಿದುಕೊಂಡು ಕಾದೆ. ಯಾರೂ ಬರಲಿಲ್ಲ.

ಮೀನು ಮಾರುವವಳು ಅಲ್ಲಿಗೆ ಹೇಗೆ ಬಂದಳು ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಮನೆ ಕುಮಟಾದಿಂದ ದಕ್ಷಿಣಕ್ಕೆ, ಹೆದ್ದಾರಿ ಇಳಿದು ಕಡಲಿನ ಕಡೆ ಹೋದರೆ ಸಿಗುವ ಕೇರಿಯಲ್ಲಿ. ನಮ್ಮ ಮನೆಯವರು ಬೋಟಿನಲ್ಲಿ ಕೆಲಸ ಮಾಡುತ್ತಾರೆ. ನಾನು ಮದುವೆಯಾದ ವರ್ಷದಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಬಂಗಡೆ, ತಾರ್ಲೆ ಮಾರಿದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಶನಿವಾರ ಮೀನಿಲ್ಲ, ಎಲ್ಲ ಗೊತ್ತಿತ್ತು. ಆಮೇಲೆ ಬೈಕಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹಾರ್ನು ಹೊಡೆಯುತ್ತ ಬರುವವರು ಶುರುವಾದರು. ನಾನು ಒಂದು ಊರು ನಡೆದು ಮುಗಿಸುವುದರೊಳಗೆ ಅವರು ಐದು ಊರು ಮುಗಿಸುತ್ತಿದ್ದರು. ನನ್ನ ಬುಟ್ಟಿಯ ಮೀನು ಮಧ್ಯಾಹ್ನವಾದರೂ ಬುಟ್ಟಿಯಲ್ಲೇ ಉಳಿಯತೊಡಗಿತು.

ಒಂದು ದಿನ ಹಾಗೆ ಉಳಿದ ಮೀನು ಹೊತ್ತುಕೊಂಡು ಅಕ್ಕೋರ ಮನೆಯ ಜಗಲಿಯಲ್ಲಿ ಕೂತಿದ್ದೆ. ಅಕ್ಕೋರು ಎಂದರೆ ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಈಗ ನಿವೃತ್ತರಾಗಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾರೆ. ಮಗನದ್ದು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮನೆಯ ಹಿಂದಿನ ಅವರ ಗದ್ದೆ ನಾಲ್ಕಾರು ವರ್ಷದಿಂದ ಹಡಿಲು ಬಿದ್ದಿತ್ತು. ಮೊಣಕಾಲೆತ್ತರ ಹುಲ್ಲು, ಅದರಲ್ಲಿ ಯಾರದ್ದೋ ದನ.

"ಅಕ್ಕೋರೆ, ಆ ಗದ್ದೆ ಯಾಕೆ ಹಾಗೇ ಬಿಟ್ರಿ?"

"ಮಾಡೂರು ಯಾರು? ನೀನು ಮಾಡ್ತೀಯ?"

ಅವರು ತಮಾಷೆಗೆ ಕೇಳಿದ್ದು. ನಾನು "ಆತು, ಮಾಡ್ತೆ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ನಮ್ಮ ಕಡೆಯ ಆ ಮರಳು ಮಣ್ಣಿನಲ್ಲಿ ಭತ್ತದ ಕೊಯ್ಲಾದ ಮೇಲೆ ಸಿಹಿ ಈರುಳ್ಳಿ ಹಾಕುತ್ತಾರೆ. ಬೇಸಿಗೆಯಲ್ಲಿ ಸೊಪ್ಪಿನ ಸಮೇತ ಹೆಣೆದು ಹೆದ್ದಾರಿಯ ಬದಿಗೆ ಗೊಂಚಲು ತೂಗುಹಾಕಿರುತ್ತಾರಲ್ಲ, ಅದೇ. ಪಕ್ಕದೂರಿನಲ್ಲಿ ತಲೆಮಾರಿನಿಂದ ಅದನ್ನು ಬೆಳೆಯುವ ಯಜಮಾನರೊಬ್ಬರಿದ್ದರು. ಅವರ ಹತ್ತಿರ ಬೀಜ ಕೊಂಡುಕೊಂಡೆ. ಸಸಿಮಡಿ ಮಾಡಿ ಬಿತ್ತಿ, ದಿನಾ ಎರಡು ಹೊತ್ತು ಕೊಡದಿಂದ ನೀರು ಚಿಮುಕಿಸಿದೆ. ಹದಿನೈದು ದಿನವಾದರೂ ಹುಲ್ಲು ಬಿಟ್ಟು ಬೇರೇನೂ ಏಳಲಿಲ್ಲ. ಯಜಮಾನರನ್ನು ಕೇಳಿದರೆ ಅವರು ಜಗಲಿಯಲ್ಲಿ ಕೂತಿದ್ದ ನಾಲ್ಕು ಜನರ ಎದುರು, "ನನ್ನ ಬೀಜಕ್ಕೆ ಎಂತ ಆಗಿಲ್ಲ. ಮೀನು ಮುಟ್ಟಿದ ಕೈಗೆ ಈರುಳ್ಳಿ ಒಲಿಯೂದಿಲ್ಲ" ಎಂದರು. ಕೂತವರು ನಕ್ಕರು. ನಮ್ಮ ಕೇರಿಯಲ್ಲೂ ನಕ್ಕರು. ನಮ್ಮ ಮನೆಯವರು ಮಾತ್ರ ನಗಲಿಲ್ಲ, ಆದರೆ "ಸಾಕು, ಬಿಟ್ಟುಬಿಡು" ಎಂದರು. ಆ ವರ್ಷ ಗದ್ದೆಯಲ್ಲಿ ಹರಿವೆ, ಬಸಳೆ ಹಾಕಿ ಮಾರಿದೆ. ಬಿಡಲಿಲ್ಲ. ಬೀಜ ಯಾಕೆ ಹುಟ್ಟಲಿಲ್ಲ ಎಂದು ತಿಳಿಯದೆ ಬಿಡುವುದು ನನ್ನಿಂದ ಆಗುವಂತಿರಲಿಲ್ಲ. ತರಬೇತಿ ಇದೆ ಎಂದು ಪೇಪರಿನಲ್ಲಿ ಓದಿ ಹೇಳಿದವರು ಅಕ್ಕೋರೇ.

ಐದು ದಿನದ ತರಬೇತಿ. ಹೆಸರು ಬರೆಸಿದವರಿಗೆಲ್ಲ ಒಂದು ಚೀಲ, ಅದರಲ್ಲಿ ಪುಸ್ತಕ, ಪೆನ್ನು, ಊಟದ ಚೀಟಿ. ನನಗೆ ಏನೂ ಇಲ್ಲ. ಪಕ್ಕದಲ್ಲಿ ಕೂತಿದ್ದವರು ಭಟ್ಕಳದ ಕಡೆಯಿಂದ ಬಂದ ಮಲ್ಲಿಗೆ ಬೆಳೆಯುವ ಹೆಂಗಸು. ಅವರು ತಮ್ಮ ಪುಸ್ತಕದ ನಡುವಿನ ಹಾಳೆಗಳನ್ನು ಕಿತ್ತು ನನ್ನ ಮಡಿಲಿಗೆ ಹಾಕಿದರು. ಊಟದ ಹೊತ್ತಿಗೆ ನಾನು ಮನೆಯಿಂದ ತಂದ ಡಬ್ಬಿ ಬಿಚ್ಚಿದರೆ, ಒಣಮೀನಿನ ಚಟ್ನಿ ನೋಡಿ, "ಊಟದ ಚೀಟಿ ನೀವು ತಕ್ಕೊಳ್ಳಿ, ಆ ಡಬ್ಬಿ ನಂಗೆ ಕೊಡಿ" ಎಂದರು. ಹಾಗೆ ನಾನು ಸರಕಾರದ ಊಟವನ್ನೂ ಉಂಡೆ.

ಪಾಠ ಹೇಳುತ್ತಿದ್ದವರು ಮೂವತ್ತು ದಾಟಿರದ ಒಬ್ಬ ಮೇಡಂ. ಎರಡನೇ ದಿನ ಗೊಬ್ಬರದ ವಿಷಯ ಬಂತು. ಯಾವ ಚೀಲ, ಎಷ್ಟು ಕಿಲೋ ಎಂದೆಲ್ಲ ಬೋರ್ಡಿನ ಮೇಲೆ ಬರೆದರು. ನಾನು ಎದ್ದು ನಿಂತು, "ಒಣಗಿಸಿದ ತಾರ್ಲೆ ಪುಡಿ ಹಾಕಿದ್ರೆ ಆಗೂದಿಲ್ವ?" ಎಂದೆ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಮುಚ್ಚಿಕೊಂಡು ನಕ್ಕರು. ಮೇಡಂ ನಗಲಿಲ್ಲ. "ಆಗ್ತದೆ. ಒಳ್ಳೆಯದೇ. ಎಷ್ಟು ದಿನ ಕೊಳೆಸ್ತೀರಿ?" ಎಂದು ಕೇಳಿದರು. ತೆಂಗಿನ ಬುಡಕ್ಕೆ ನಮ್ಮ ಅತ್ತೆ ಹಾಕುತ್ತಿದ್ದ ಕ್ರಮ ಹೇಳಿದೆ. ಅದನ್ನೂ ಅವರು ಬೋರ್ಡಿನ ಮೇಲೆ ಬರೆದರು. ನನ್ನ ಮಾತನ್ನು ಬೋರ್ಡಿನ ಮೇಲೆ ಕಂಡದ್ದು ಅದೇ ಮೊದಲು. ಮೂರನೇ ಕ್ಲಾಸಿನ ಹುಡುಗಿಯ ಹಾಗೆ ಖುಷಿಯಾಯಿತು.

ಮೂರನೇ ದಿನ ಬೀಜದ ಪಾಠ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ಹುಟ್ಟುವುದು ಕಷ್ಟ ಎಂದರು. ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟು, ಒಂದು ವಾರದ ಮೇಲೆ ಬಿಚ್ಚಿ ಎಷ್ಟು ಮೊಳೆತಿವೆ ನೋಡಿ, ಆಮೇಲೆ ಬಿತ್ತಿ ಎಂದರು. ಅಷ್ಟೇ! ಕೊಡ ಹೊತ್ತು ಸವೆಸಿದ ಆ ಹದಿನೈದು ದಿನ, ಜಗಲಿಯ ಮೇಲಿನ ಆ ನಗು, ಎಲ್ಲದಕ್ಕೂ ಉತ್ತರ ಒಂದು ತುಂಡು ಬಟ್ಟೆಯಲ್ಲಿತ್ತು. ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ.

ಐದನೇ ದಿನ ಪ್ರಮಾಣಪತ್ರ ಹಂಚಿದರು. ನನ್ನ ಹೆಸರು ಕರೆಯಲಿಲ್ಲ. ಭಟ್ಕಳದ ಹೆಂಗಸು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡರು.

ಮುಂದಿನ ಬಿತ್ತನೆಯ ಹೊತ್ತಿಗೆ ಮತ್ತೆ ಯಜಮಾನರ ಮನೆಗೆ ಹೋಗಿ ಬೀಜ ತಂದೆ. ಅಕ್ಕೋರ ಹಳೆಯ ಬಿಳಿ ಸೀರೆಯಿಂದ ಒಂದು ತುಂಡು ಹರಿದು, ಅವರ ಕೈಯಿಂದಲೇ ನೂರು ಬೀಜ ಎಣಿಸಿ ಸುತ್ತಿಸಿ ಇಟ್ಟೆ. ಎಂಟನೇ ದಿನ ಬಿಚ್ಚಿದರೆ ಹನ್ನೊಂದು ಮೊಳಕೆ. ಬಟ್ಟೆಯನ್ನು ಹಾಗೇ ಮಡಚಿ ತಟ್ಟೆಯಲ್ಲಿಟ್ಟುಕೊಂಡು ಅವರ ಮನೆಗೆ ನಡೆದೆ. ಜಗಲಿಯಲ್ಲಿ ಬೀಜ ಕೊಳ್ಳಲು ಬಂದ ಜನ ಕೂತಿದ್ದರು. ಅವರ ಎದುರೇ ಬಟ್ಟೆ ಬಿಡಿಸಿದೆ.

"ಎಣಿಸಿ ನೋಡಿ ಯಜಮಾನ್ರೆ. ಇದಕ್ಕೆ ನನ್ನ ಕೈ ತಾಗಲಿಲ್ಲ, ಅಕ್ಕೋರೇ ಎಣಿಸಿ ಸುತ್ತಿದ್ದು."

ಅವರು ತಟ್ಟೆಯನ್ನೂ ನನ್ನನ್ನೂ ನೋಡಿದರು. "ಯಾರು ಕಲಿಸಿದ್ರು ನಿಂಗೆ ಇದನ್ನೆಲ್ಲ?"

"ಯಾರು ಕಲಿಸಿದ್ರೆ ಎಂತ? ಹಳೆ ಬೀಜ ಹೌದೋ ಅಲ್ಲವೋ ಹೇಳಿ."

"ನಿಂಗೆ ಬೀಜ ಇಲ್ಲ, ನಡಿ" ಎಂದು ಒಳಗೆ ಹೋದರು. ಕೊಳ್ಳಲು ಬಂದವರಲ್ಲಿ ಇಬ್ಬರು ತಮ್ಮ ಪೊಟ್ಟಣ ಜಗಲಿಯ ಮೇಲಿಟ್ಟು ಎದ್ದರು.

ನಾನು ತಟ್ಟೆ ಹಿಡಿದುಕೊಂಡು ಬೇಲಿ ಬಾಗಿಲಿನ ದಣಪೆಯ ಹತ್ತಿರ ಬಂದಾಗ ಹಿಂದಿನಿಂದ ಅವರ ಹೆಂಡತಿ ಬೇಗ ಬೇಗ ಬಂದರು. ಸೆರಗಿನಡಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಕೈಗಿತ್ತರು. "ಇದು ನಾ ನಮ್ಮ ಗದ್ದೆಗೆ ಅಂತ ಇಟ್ಟದ್ದು, ಈ ವರ್ಷದ್ದು. ತಕಂಡು ಹೋಗು. ಆ ಬಟ್ಟೆಯಲ್ಲಿ ಸುತ್ತೂದು ನಂಗೂ ಒಂದಿನ ತೋರ್ಸು." ನಾನು ಗಂಟನ್ನು ಮಡಿಲಿಗೆ ಹಾಕಿಕೊಂಡು ತಲೆಯಾಡಿಸಿದೆ.

ಆ ಗಂಟಿನ ಬೀಜ ಹುಟ್ಟಿದ್ದನ್ನು ನೋಡಬೇಕಿತ್ತು! ಸಸಿಮಡಿಯ ತುಂಬ ಹಸಿರು ಸೂಜಿ ಚುಚ್ಚಿಟ್ಟ ಹಾಗೆ. ನೆಟ್ಟ ಮೇಲೆ ಗದ್ದೆಯ ಮೂಲೆಯಲ್ಲಿ ಹೊಂಡ ತೋಡಿ, ಎರಡೂ ಕೈಯಲ್ಲಿ ಕೊಡ ಹಿಡಿದು ನೀರು ಹೊತ್ತೆ. ಇವರು ಬೋಟು ದಡಕ್ಕೆ ಬಂದ ದಿನಗಳಲ್ಲಿ ತಾವಾಗಿಯೇ ಬಂದು ಇನ್ನೆರಡು ಕೊಡ ಹಿಡಿದರು. ಒಣ ತಾರ್ಲೆಯ ಪುಡಿ, ಬೂದಿ, ಸಗಣಿ, ಮೂರನ್ನೂ ಹಾಕಿದೆ. ಒಂದು ಸಾಲಿಗೆ ನೀರು ಹೆಚ್ಚಾಗಿ ಬುಡ ಕೊಳೆಯಿತು, ಅದು ನನ್ನದೇ ತಪ್ಪು. ಉಳಿದದ್ದು ಮಾರ್ಚಿನಲ್ಲಿ ಮುಷ್ಟಿಯಷ್ಟು ದಪ್ಪವಾಗಿ, ಕೆಂಪಗೆ ಮಣ್ಣಿನಿಂದ ಮೇಲೆದ್ದು ಕೂತಿತ್ತು.

ಬೆಳೆ ನೋಡಲು ಬಂದ ಮೇಡಂ ತಮ್ಮ ಮೇಲಿನ ಅಧಿಕಾರಿಗೆ ಹೇಳಿದರು. ಅಧಿಕಾರಿ ಜೀಪಿನಲ್ಲಿ ಬಂದರು, ಒಂದು ಗಡ್ಡೆ ಕಿತ್ತು ಕಚ್ಚಿ ತಿಂದು, "ಕ್ಷೇತ್ರೋತ್ಸವ ಇಲ್ಲೇ ಮಾಡುವ, ಸುತ್ತಲಿನ ರೈತರನ್ನೆಲ್ಲ ಕರೆಸುವ" ಎಂದರು. ನನಗೆ ನೆಲದಲ್ಲಿ ಕಾಲು ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂದು ಬ್ಯಾನರಿನ ನಮೂನೆಯನ್ನು ಮೊಬೈಲಿನಲ್ಲಿ ತೋರಿಸಿದರು. ಅದರಲ್ಲಿ ಅಕ್ಕೋರ ಮಗನ ಫೋಟೋ, ಕೆಳಗೆ 'ಪ್ರಗತಿಪರ ರೈತರು' ಎಂದು ಅವನ ಹೆಸರು.

"ಇದು ಯಾರು?" ಎಂದೆ.

"ಪಹಣಿ ಇವರ ಹೆಸರಲ್ಲಿ ಇದೆಯಲ್ಲ. ನಿಮ್ಮ ಹೆಸರು ಹಾಕ್ಲಿಕ್ಕೆ ದಾಖಲೆ ಬೇಕಾಗ್ತದೆ. ನೀವು ವೇದಿಕೆ ಹತ್ರ ಇರಿ, ನಿಮಗೂ ಒಂದು ಶಾಲು ಹೊದಿಸುವ."

ಅಕ್ಕೋರ ಮಗ ಅಲ್ಲೇ ನಿಂತಿದ್ದ. ಒಳ್ಳೆಯ ಮನುಷ್ಯ, ನಾಚಿಕೆಯಿಂದ ಮುಖ ಕೆಂಪಾಗಿತ್ತು. ನಾನು ಅಧಿಕಾರಿಯ ಹತ್ತಿರ ಹೇಳಿದೆ: "ಹಾಗಾದ್ರೆ ಬಂದ ಜನಕ್ಕೆ ಇವರೇ ಹೇಳ್ಲಿ. ನೆಟ್ಟ ಎಷ್ಟನೇ ದಿನಕ್ಕೆ ಮೇಲುಗೊಬ್ಬರ ಹಾಕಿದ್ದು ಅಂತ ಕೇಳಿ ನೋಡಿ."

"ನಂಗೆ ಗೊತ್ತಿಲ್ಲ ಸರ್" ಎಂದ ಅವನು ಮೆಲ್ಲಗೆ. "ನಾನು ಬೆಳಿಗ್ಗೆ ಅಂಗಡಿಗೆ ಹೋಗುವವ."

"ಅದೆಲ್ಲ ಬರೀ ಕಾಗದದ ಕ್ರಮ, ಅಕ್ಕ. ಮನಸ್ಸಿಗೆ ಹಚ್ಕೊಳ್ಬೇಡಿ."

"ಕಾಗದದ ಕ್ರಮ ಕಾಗದದಲ್ಲೇ ಇರ್ಲಿ. ಆ ಬ್ಯಾನರ್ ನನ್ನ ಗದ್ದೆಯೊಳಗೆ ಬರೂದಿಲ್ಲ."

"ನಿಮ್ಮ ಗದ್ದೆ?"

"ಗದ್ದೆ ಇವರದ್ದು. ಈರುಳ್ಳಿ ನನ್ನದು."

ಅಷ್ಟರಲ್ಲಿ ಅಕ್ಕೋರು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದು, ಶಾಲೆಯಲ್ಲಿ ಮಾತಾಡುತ್ತಿದ್ದ ಅದೇ ದನಿಯಲ್ಲಿ, "ನಮ್ಮ ಮನೆಯವರು ಯಾರೂ ಇದಕ್ಕೆ ಒಂದು ಕೊಡ ನೀರು ಹಾಕಿದವರಲ್ಲ. ಹಾಕದವರ ಫೋಟೋ ಬ್ಯಾನರಿನಿಂದ ತೆಗೀರಿ" ಎಂದರು. ಜೀಪು ಹೋಯಿತು. ಕ್ಷೇತ್ರೋತ್ಸವ ಬೇರೆ ಯಾರದ್ದೋ ಗದ್ದೆಯಲ್ಲಿ ನಡೆಯಿತು. ಅಧಿಕಾರಿ ನನಗೆ ಕೊಡುವುದಾಗಿ ಹೇಳಿದ್ದ ಔಷಧಿ ಸಿಂಪಡಿಸುವ ಪಂಪು ಬರಲಿಲ್ಲ. ಮೂರು ದಿನ ಬಿಟ್ಟು ಅಕ್ಕೋರ ಮಗ ಗದ್ದೆಗೆ ಬಂದು, ಬದುವಿನ ಮೇಲೆ ಕೂತು ಹೇಳಿದ. "ಅಕ್ಕಾ, ಗದ್ದೆ ನಿಂಗೆ ಗೇಣಿಗೆ ಅಂತ ಬರೆದುಕೊಡಲಿಕ್ಕೆ ನಂಗೆ ಹೆದರಿಕೆ. ಗೇಣಿಗೆ ಕೊಟ್ಟು ಜಾಗ ಕಳಕೊಂಡವರ ಕಥೆ ನಮ್ಮ ಮನೆಯಲ್ಲೇ ಇದೆ. ಆದ್ರೆ ಯಾರು ಬಂದು ಕೇಳಿದ್ರೂ ಬೆಳೆದದ್ದು ನೀನೇ ಅಂತ ಹೇಳ್ತೆ." ಅವನ ಹೆದರಿಕೆ ಸುಳ್ಳಲ್ಲ. ನನ್ನ ಸಿಟ್ಟೂ ಸುಳ್ಳಲ್ಲ. ಎರಡನ್ನೂ ಇಟ್ಟುಕೊಂಡೇ ನಾವು ಮಾತಾಡಿಕೊಂಡಿದ್ದೇವೆ.

ಅವರ ಉತ್ಸವ ಬೇಡವಾದರೆ ನನ್ನದೇ ಮಾಡಬಹುದಲ್ಲ ಅನಿಸಿದ್ದು ಆ ವಾರವೇ. ನಮ್ಮ ಕೇರಿಯ ಹೆಂಗಸರಿಗೆ, ಬುಟ್ಟಿ ಇಳಿಸಿ ಮನೆಯಲ್ಲಿ ಕೂತವರಿಗೆ, ಮಾತು ಕಳಿಸಿದೆ. ಭಾನುವಾರ ಬೆಳಿಗ್ಗೆ ಹನ್ನೊಂದು ಮಂದಿ ಬಂದರು. ಭಟ್ಕಳದ ಮಲ್ಲಿಗೆಯವರು ಬಸ್ಸು ಹಿಡಿದು ಬಂದರು. ಯಜಮಾನರ ಹೆಂಡತಿ ಕೊನೆಗೆ ಬಂದು ಎಲ್ಲರ ಹಿಂದೆ ನಿಂತರು. ಮೇಡಂ ತಮ್ಮ ರಜೆಯ ದಿನ ಸ್ಕೂಟರಿನಲ್ಲಿ ಬಂದು, "ನಾನು ಪಾಠ ಹೇಳೂದಿಲ್ಲ, ಕೇಳ್ಲಿಕ್ಕೆ ಬಂದದ್ದು" ಎಂದು ಬದುವಿನ ಮೇಲೆ ಕೂತರು.

ಮೀನು ಕೂಗಿ ಮಾರಿದ ಗಂಟಲು ನನ್ನದು, ಆದರೂ ಮೊದಲ ಮಾತು ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಬಟ್ಟೆ ಒದ್ದೆ ಮಾಡಿ ಬೀಜ ಎಣಿಸಲು ಶುರುಮಾಡಿದ ಮೇಲೆ ಸರಿಯಾಯಿತು. ಒಬ್ಬಳು ಕೇಳಿದಳು: "ನಮಗೆ ಯಾರು ಗದ್ದೆ ಕೊಡ್ತಾರೆ ಅಕ್ಕಾ?"

"ಹೆದ್ದಾರಿಯಿಂದ ಕಡಲಿನವರೆಗೆ ಹಡಿಲು ಬಿದ್ದದ್ದು ಎಷ್ಟಿದೆ ನೋಡು. ಹೋಗಿ ಕೇಳು. ಇಲ್ಲ ಅಂದ್ರೆ ಮುಂದಿನ ಮನೆಗೆ ಹೋಗಿ ಕೇಳು. ಮೀನು ಹಾಗೇ ಅಲ್ವ ಮಾರಿದ್ದು ನಾವು?"

ಈಗ ನಾವು ಏಳು ಮಂದಿ ಬೆಳೆಯುತ್ತೇವೆ, ನಾಲ್ಕು ಗದ್ದೆಯಲ್ಲಿ. ಉಳಿದ ಐವರು ಬಿಟ್ಟರು, ಅವರಿಗೆ ಅವರ ಕಷ್ಟ. ಹೋದ ವರ್ಷ ಡಿಸೆಂಬರಿನಲ್ಲಿ ಬರಬಾರದ ಮಳೆ ಬಂದು ಇಬ್ಬರ ಸಸಿಮಡಿ ಕೊಳೆತುಹೋಯಿತು. ಉಳಿದವರೆಲ್ಲ ನಮ್ಮ ಮಡಿಯಿಂದ ಸಸಿ ಕಿತ್ತು ಕೊಟ್ಟೆವು. ಎಲ್ಲರ ಗದ್ದೆಯೂ ಸ್ವಲ್ಪ ಖಾಲಿ ಉಳಿಯಿತು, ಯಾರದ್ದೂ ಪೂರ್ತಿ ಖಾಲಿ ಉಳಿಯಲಿಲ್ಲ.

ಈ ಬೇಸಿಗೆಯಲ್ಲಿ ಹೆದ್ದಾರಿಯ ಬದಿ ಬಿದಿರಿನ ಕಂಬ ನೆಟ್ಟು ಗೊಂಚಲು ತೂಗುಹಾಕಿದ್ದೆವು. ಅದೇ ಜಾಗದಲ್ಲಿ ಮೊದಲಿನಿಂದ ಮಾರುವವರಿಬ್ಬರು ಬಂದು, "ಇದು ನಮ್ಮ ಜಾಗ, ನೀವು ಮೀನು ಪೇಟೆಗೆ ಹೋಗಿ" ಎಂದರು. ನಮ್ಮಲ್ಲಿ ಎಲ್ಲರಿಗಿಂತ ಮೆತ್ತಗಿನವಳು, ಸಭೆಯಲ್ಲಿ ಬಾಯಿ ಬಿಡದವಳು, ಒಂದು ಗೊಂಚಲು ಎತ್ತಿ ಅವರ ಮುಂದೆ ಹಿಡಿದು, "ಒಂದು ಗಡ್ಡೆ ಬಿಡಿಸಿ ತಿಂದು ನೋಡಿ. ನಿಮ್ಮದಕ್ಕಿಂತ ಸಿಹಿ ಇಲ್ದಿದ್ರೆ ಈಗ್ಲೇ ಎದ್ದು ಹೋಗ್ತೊ" ಎಂದಳು. ಅವರು ತಿನ್ನಲಿಲ್ಲ. ಗೊಣಗುತ್ತ ತಮ್ಮ ಕಂಬದ ಕಡೆ ಹೋದರು. ಅಷ್ಟರಲ್ಲಿ ಗೋಕರ್ಣದ ಕಡೆ ಹೊರಟಿದ್ದ ಕಾರೊಂದು ನಿಂತು, ಗಾಜು ಇಳಿಸಿದ ಹೆಂಗಸು ಗೊಂಚಲಿಗೆ ಎಷ್ಟು ಎಂದು ಕೇಳಿದಳು. ಮೆತ್ತಗಿನವಳೇ ಮುಂದೆ ಹೋಗಿ ರೇಟು ಹೇಳಿದಳು. ಚೌಕಾಶಿಗೆ ಒಪ್ಪಲಿಲ್ಲ.